ಬಾಯಲ್ಲಿ ದೇವರು, ಬೆಟ್ಟದ ಮೇಲೆ ಫಿರಂಗಿ

ಬಾಸ್ನಿಯಾದ ರಾಜಧಾನಿ ಸಾರಾಯೆವೊಗೆ ಹೋದರೆ ಮೊದಲು ಹಳೇ ಪೇಟೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಬೇಕು. ಗಾಜಿ ಹುಸ್ರೆವ್ ಬೇಗ್ ಮಸೀದಿ, ಕ್ಯಾಥೊಲಿಕರ ಕೆಥೆಡ್ರಲ್, ಆರ್ಥಡಾಕ್ಸ್ ಚರ್ಚು, ಯಹೂದಿಗಳ ಸಿನಗಾಗ್, ಎಲ್ಲಾ ಕೂಗಳತೆ ದೂರದಲ್ಲೇ ಇವೆ. ಇಷ್ಟು ಹತ್ತಿರ ಬದುಕಿದವರು 1990ರ ದಶಕದ ಯುದ್ಧದಲ್ಲಿ ಹೇಗೆ ಹೊಡೆದಾಡಿಕೊಂಡರು ಅಂತ ನಮ್ಮ ಗುಂಪಿನಲ್ಲಿ ಯಾರೋ ಕೇಳಿದರು. ಗೈಡ್‌ಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು ಅನ್ಸುತ್ತೆ. ಸುತ್ತಲಿನ ಬೆಟ್ಟ ತೋರಿಸಿ, ಕೊಂದವರು ಈ ಬೀದಿಯವರಲ್ಲ, ಅಲ್ಲಿ ಕೂತವರು ಅಂದ.

ಅದು ಪೂರ್ತಿ ನಿಜ ಅಲ್ಲ. ಬೆಟ್ಟ ಹತ್ತಿದ್ದು ಬಾಸ್ನಿಯಾದ ಸೆರ್ಬರ ಪಡೆ, ಅಂದರೆ ಆರ್ಥಡಾಕ್ಸ್ ಕ್ರೈಸ್ತರು. ಅವರಲ್ಲಿ ಈ ಊರಿನವರೂ ಇದ್ದರು. ಅವರ ನಾಯಕ ರಾಡೊವಾನ್ ಕರಾಜಿಚ್ ಇದೇ ಊರಿನಲ್ಲಿ ಮನೋವೈದ್ಯನಾಗಿದ್ದವನು, ಮೇಲಾಗಿ ಕವಿ ಬೇರೆ!

1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ಊರಿಗೆ ಮುತ್ತಿಗೆ. ಫುಟ್‌ಪಾತಿನಲ್ಲಿ ಇವತ್ತಿಗೂ ಅದರ ಗುರುತು ಕಾಣುತ್ತೆ. ಶೆಲ್ ಬಿದ್ದ ಕಡೆ ಒಂದು ಗುಳಿ, ಅದರ ಸುತ್ತ ಚೂರುಗಳು ಕೆತ್ತಿದ ಗೀರುಗಳು. ಅದಕ್ಕೆ ಕೆಂಪು ರಾಳ ತುಂಬಿ ಬಿಟ್ಟಿದ್ದಾರೆ, ಸಾರಾಯೆವೊ ಗುಲಾಬಿ ಅಂತಾರೆ. ಬಗ್ಗಿ ನೋಡಿದರೆ ಗೀರುಗಳು ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಶೆಲ್ ಯಾವ ದಿಕ್ಕಿನಿಂದ ಬಂತು ಅಂತ ಅದರಿಂದಲೇ ಲೆಕ್ಕ ಹಾಕ್ತಾರೆ. ಮಾರ್ಕಲೆ ಮಾರುಕಟ್ಟೆಯಲ್ಲಿ 1994ರ ಫೆಬ್ರವರಿ 5ರಂದು ಒಂದೇ ಶೆಲ್ಲಿಗೆ 68 ಜನ ಸತ್ತರು. ಈಗ ಅಲ್ಲೇ ತರಕಾರಿ ವ್ಯಾಪಾರ ಜೋರಾಗಿದೆ.

ಭಯೋತ್ಪಾದಕ ಅಂದರೆ ನಮ್ಮ ಕಣ್ಣಿಗೆ ಬರೋದು ಮುಖ ಮುಚ್ಚಿಕೊಂಡು ಅಡಗಿ ಕೂತವನು, ಅಲ್ವಾ? ಬೆಟ್ಟದ ಮೇಲಿನ ಸೇನೆಯ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ಗೆ ಸಮವಸ್ತ್ರ, ಪದವಿ ಎಲ್ಲಾ ಇತ್ತು. ನಾಗರಿಕರಲ್ಲಿ ಭೀತಿ ಹರಡಿದ ಅಪರಾಧವೂ ಸೇರಿ ಯುದ್ಧಾಪರಾಧ ವಿಚಾರಿಸೋ ಹೇಗ್‌ನ ನ್ಯಾಯಮಂಡಳಿ 2006ರಲ್ಲಿ ಅವನಿಗೆ ಜೀವಾವಧಿ ಕೊಟ್ಟಿತು. ಆಮೇಲೆ ಕರಾಜಿಚ್ ಮತ್ತು ಸೇನಾಧಿಪತಿ ರಾಟ್ಕೊ ಮ್ಲಾಡಿಚ್ ಮೇಲೂ ಅದೇ ಅಪರಾಧ ಸಾಬೀತಾಯಿತು.

ಇದರಲ್ಲಿ ದೇವರು ಎಲ್ಲಿಂದ ಬಂದ? ಬಾಸ್ನಿಯಾದ ಸೆರ್ಬರ ಬೆನ್ನಿಗಿದ್ದ, ಪಕ್ಕದ ಸೆರ್ಬಿಯಾದ ನಾಯಕ ಸ್ಲೊಬೊಡಾನ್ ಮಿಲೊಶೆವಿಚ್ ಕಮ್ಯುನಿಸ್ಟ್ ಪಕ್ಷದಲ್ಲಿ ಬೆಳೆದವನು. ಅಧಿಕಾರಕ್ಕೆ ಜನ ಬೇಕಿದ್ದರು. 1389ರ ಕೊಸೊವೊ ಯುದ್ಧದಲ್ಲಿ ತುರ್ಕರ ಕೈಲಿ ಸತ್ತ ಸೆರ್ಬರ ದೊರೆ ಲಾಜಾರ್‌ನನ್ನು ಅವರ ಚರ್ಚು ಸಂತ ಅಂತ ಪೂಜಿಸುತ್ತೆ. ಅವನ ಮೂಳೆಗಳನ್ನು ಊರೂರಿಗೆ ಮೆರವಣಿಗೆ ಮಾಡಿದರು. 1989ರ ಜೂನ್ 28ಕ್ಕೆ, ಯುದ್ಧದ 600ನೇ ವರ್ಷಕ್ಕೆ, ಆ ಬಯಲಿನಲ್ಲಿ ನಿಂತು ಭಾಷಣ ಮಾಡಿದ್ದು ಇದೇ ಕಮ್ಯುನಿಸ್ಟ್.

ಅದರ ಫಲ ಪೂರ್ವ ಬಾಸ್ನಿಯಾದ ಸ್ರೆಬ್ರೆನಿತ್ಸಾ ಊರಿನಲ್ಲಿದೆ. ದಾರಿಯುದ್ದಕ್ಕೂ ಕಾಡು, ನದಿ, ತುಂಬಾ ಚಂದ. 1995ರ ಜುಲೈ 11ರಂದು ಊರು ಹಿಡಿದ ಮ್ಲಾಡಿಚ್, ತುರ್ಕರ ಮೇಲೆ ಸೇಡು ತೀರಿಸಿಕೊಳ್ಳೋ ಕಾಲ ಬಂತು ಅಂತ ಕ್ಯಾಮೆರಾ ಮುಂದೆಯೇ ಹೇಳಿದ. ತುರ್ಕರ ಆಳ್ವಿಕೆ ಮುಗಿದು ನೂರು ವರ್ಷ ದಾಟಿತ್ತು! ಅಲ್ಲಿದ್ದವರು ಅವನ ಭಾಷೆಯನ್ನೇ ಆಡೋ ಬಾಸ್ನಿಯಾದ ಮುಸ್ಲಿಮರು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದರು. ಪೊಟೊಚಾರಿ ಸ್ಮಶಾನದ ಬಿಳಿ ಕಲ್ಲುಗಳಲ್ಲಿ ಹುಟ್ಟಿದ ವರ್ಷ ಬೇರೆ ಬೇರೆ, ಸತ್ತ ವರ್ಷ ಮಾತ್ರ ಸಾಲಾಗಿ 1995.

ಒಂದೇ ಧರ್ಮದ ಕಡೆ ಬೆರಳು ಮಾಡೋ ಹಾಗಿಲ್ಲ. ಮೊಸ್ತಾರ್‌ನಲ್ಲಿ ತುರ್ಕರ ಕಾಲದ ಸೇತುವೆಯನ್ನು 1993ರಲ್ಲಿ ಉರುಳಿಸಿದ್ದು ಕ್ಯಾಥೊಲಿಕರಾದ ಕ್ರೊವಾಟರ ಪಡೆ. ಈಗಿರೋದು 2004ರಲ್ಲಿ ಮತ್ತೆ ಕಟ್ಟಿದ್ದು. ಸೇತುವೆಯಿಂದ ಕತ್ತೆತ್ತಿದರೆ ಹುಮ್ ಬೆಟ್ಟದ ಮೇಲೆ ಭಾರೀ ಶಿಲುಬೆ ಕಾಣುತ್ತೆ, ಅದೂ ಯುದ್ಧ ಮುಗಿದ ಮೇಲೆ ನೆಟ್ಟಿದ್ದು. ಇನ್ನು ಬಹುಪಾಲು ಮುಸ್ಲಿಮರಿದ್ದ ಬಾಸ್ನಿಯಾ ಸೇನೆಯ ಮುಖ್ಯಸ್ಥ ರಾಸಿಮ್ ದೆಲಿಚ್‌ಗೂ ಶಿಕ್ಷೆಯಾಯಿತು. ಹೊರದೇಶದ ಮುಜಾಹಿದೀನ್‌ಗಳಿದ್ದ ತುಕಡಿ ಸೆರೆಯಾಳುಗಳನ್ನು ಹಿಂಸಿಸಿದಾಗ ಕ್ರಮ ತೆಗೆದುಕೊಳ್ಳಲಿಲ್ಲ ಅಂತ.

ನಾಯಕರು ಕೆಟ್ಟವರು, ಧರ್ಮ ಪಾಪ ಮುಗ್ಧ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಸ್ರೆಬ್ರೆನಿತ್ಸಾದ ಹುಡುಗರನ್ನು ಕೊಂದ ‘ಸ್ಕಾರ್ಪಿಯನ್ಸ್’ ಅನ್ನೋ ಸೆರ್ಬರ ಸಶಸ್ತ್ರ ಗುಂಪಿನ ವಿಡಿಯೋ ಒಂದು 2005ರಲ್ಲಿ ಹೇಗ್‌ನಲ್ಲಿ ನಡೆದ ಮಿಲೊಶೆವಿಚ್ ವಿಚಾರಣೆಯಲ್ಲಿ ಹೊರಬಂತು. ಕೊಲೆಯ ದೃಶ್ಯಕ್ಕೆ ಮೊದಲು, ಅದೇ ಟೇಪಿನಲ್ಲಿ, ಒಬ್ಬ ಪಾದ್ರಿ ಅವರನ್ನು ಸಾಲಾಗಿ ನಿಲ್ಲಿಸಿ ಆಶೀರ್ವಾದ ಮಾಡ್ತಾನೆ.