ಪಂಚಾಂಗ ಬದಲಾದ ಮೇಲೆ ಹಬ್ಬಗಳು ಎಲ್ಲಿಗೆ ಹೋದವು?

ಜಪಾನಿನಲ್ಲಿ 1872ನೇ ಇಸವಿಯ ಕೊನೆಯ ತಿಂಗಳು ಎರಡೇ ದಿನಕ್ಕೆ ಮುಗಿದುಹೋಯಿತು. ಅಲ್ಲಿಯವರೆಗೆ ಅವರು ಅನುಸರಿಸುತ್ತಿದ್ದುದು ನಮ್ಮಂತೆಯೇ ಚಂದ್ರನ ಗತಿಯನ್ನು ನೋಡಿ ತಿಂಗಳನ್ನೂ, ಸೂರ್ಯನೊಡನೆ ಹೊಂದಿಸಲು ಆಗಾಗ ಅಧಿಕ ಮಾಸವನ್ನೂ ಇಟ್ಟುಕೊಳ್ಳುವ ಪಂಚಾಂಗ. ಈಗಿನ ಲೆಕ್ಕದಲ್ಲಿ ಆ ವರ್ಷದ ಡಿಸೆಂಬರ್ 9ರಂದು ಮೇಜಿ ಸರ್ಕಾರ ಹಳೆಯ ಲೆಕ್ಕವನ್ನು ಕೈಬಿಡುವುದಾಗಿ ಘೋಷಿಸಿತು. ಹನ್ನೆರಡನೇ ತಿಂಗಳ ಎರಡನೇ ದಿನ ಮುಗಿದು ಬೆಳಗಾಗುವಷ್ಟರಲ್ಲಿ ಜನ 1873ರ ಜನವರಿ 1ಕ್ಕೆ ಬಂದು ನಿಂತಿದ್ದರು. ಯುರೋಪಿನ ದೇಶಗಳ ಸಮಕ್ಕೆ ನಿಲ್ಲಬೇಕೆಂಬ ಹಂಬಲ ಇದರ ಹಿಂದೆ ಇತ್ತೆಂಬುದು ನಿಜ. ಆದರೆ ಇಷ್ಟೊಂದು ಅವಸರಕ್ಕೆ ಕಾರಣ ಬೊಕ್ಕಸವೆಂದು ಆ ಸರ್ಕಾರದಲ್ಲಿದ್ದ ಓಕುಮಾ ಶಿಗೆನೊಬು ಮುಂದೆ ಹೇಳಿಕೊಂಡರು. ಹಳೆಯ ಪಂಚಾಂಗದ ಪ್ರಕಾರ ಮರುವರ್ಷ ಅಧಿಕ ಮಾಸ ಬರುವುದಿತ್ತು. ನೌಕರರಿಗೆ ತಿಂಗಳ ಸಂಬಳದ ಪದ್ಧತಿ ಆಗಷ್ಟೇ ಜಾರಿಯಾಗಿದ್ದುದರಿಂದ ಹದಿಮೂರು ತಿಂಗಳ ಸಂಬಳವನ್ನು ಎಣಿಸಿಕೊಡಬೇಕಾಗುತ್ತಿತ್ತು. ಪಂಚಾಂಗವನ್ನು ಬದಲಿಸಿದ್ದರಿಂದ ಆ ಹದಿಮೂರನೆಯ ಸಂಬಳ ಉಳಿಯಿತು, ಎರಡೇ ದಿನದ ಹನ್ನೆರಡನೇ ತಿಂಗಳಿನ ಸಂಬಳವೂ ಉಳಿಯಿತು. ಅಧಿಕ ಮಾಸದಲ್ಲಿ ಶುಭಕಾರ್ಯ ಮಾಡಬಾರದೆಂದು ನಾವು ಹೇಳುತ್ತೇವೆ. ಅವರಿಗೆ ಅದು ಸಂಬಳಕ್ಕೂ ಅನ್ವಯಿಸಿತೆನ್ನಬೇಕು.

ಹಲವು ದೇಶಗಳ ಕಚೇರಿಗಳೊಂದಿಗೆ ಕೆಲಸ ಹೊಂದಿಸಿಕೊಳ್ಳಬೇಕಾದ ಉದ್ಯೋಗ ನನ್ನದು. ಆದ್ದರಿಂದ ಪ್ರತಿ ವರ್ಷದ ಕೊನೆಯಲ್ಲಿ ಬೇರೆ ಬೇರೆ ದೇಶಗಳ ರಜಾಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಟೋಕಿಯೊ ಜನವರಿಯ ಮೊದಲ ದಿನಗಳಲ್ಲಿ ಸಂಪೂರ್ಣ ಸ್ತಬ್ಧವಾಗಿರುತ್ತದೆ; ಸಿಯೋಲ್ ಮತ್ತು ಶಾಂಘೈಗಳು ಜನವರಿ 1ಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದೆ, ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಎಲ್ಲೋ ಬರುವ ಚಾಂದ್ರಮಾನದ ಹೊಸ ವರ್ಷಕ್ಕೆ ಊರು ಸೇರುತ್ತವೆ. ಈ ಮೂರೂ ದೇಶಗಳಲ್ಲಿ ಹೊಸ ವರ್ಷದ ಹಬ್ಬ ನಡೆದುಬಂದದ್ದು ಒಂದೇ ಬಗೆಯ ಪಂಚಾಂಗದಿಂದ. ಮೂರೂ ಕಡೆ ಸರ್ಕಾರಗಳು ಅದನ್ನು ಜನವರಿಗೆ ಎಳೆಯಲು ನೋಡಿದವು. ಹಬ್ಬ ಒಂದು ಕಡೆ ಮಾತ್ರ ಎಳೆದತ್ತ ಬಂದಿತು. ಹೀಗೇಕಾಯಿತು ಎಂಬ ಕುತೂಹಲವೇ ಈ ಬರಹಕ್ಕೆ ಕಾರಣ.

ಹಾಗೆಂದು ಜಪಾನಿನಲ್ಲಿಯೂ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮುದ್ರಣವಾಗಿ ಸಿದ್ಧವಾಗಿದ್ದ ಮರುವರ್ಷದ ಪಂಚಾಂಗಗಳು ರದ್ದಿಯಾದವು. ಹೊಸ ಲೆಕ್ಕವನ್ನು ಜನರಿಗೆ ತಿಳಿಹೇಳಲು ಚಿಂತಕ ಫುಕುಜಾವಾ ಯುಕಿಚಿ ಒಂದು ಕಿರುಹೊತ್ತಗೆಯನ್ನೇ ಬರೆದರು. ಶಾಲೆ, ಸೈನ್ಯ, ಅಂಚೆ, ಕಚೇರಿಗಳು ಹೊಸ ದಿನಾಂಕಕ್ಕೆ ಹೊಂದಿಕೊಂಡರೂ ಹಳ್ಳಿಗಳ ಒಕ್ಕಲು ಮಕ್ಕಳು ಎಷ್ಟೋ ದಶಕಗಳ ಕಾಲ ಹಳೆಯ ಹೊಸ ವರ್ಷವನ್ನೇ ಆಚರಿಸುತ್ತಿದ್ದರು. ಕೊನೆಗೆ ಹಬ್ಬವಂತೂ ಜನವರಿಗೆ ಬಂದಿತು. ಆದರೆ ಋತು ಅದರ ಜೊತೆಯಲ್ಲಿ ಬರಲಿಲ್ಲ. ಇಂದಿಗೂ ಅಲ್ಲಿನ ಹೊಸ ವರ್ಷದ ಶುಭಾಶಯ ಪತ್ರಗಳು ಕೊರೆಯುವ ಚಳಿಯಲ್ಲಿ ವಸಂತವನ್ನು ಸ್ವಾಗತಿಸುತ್ತವೆ.

ಈ ಎಡವಟ್ಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಜನವರಿ 7ರಂದು. ಆ ಬೆಳಿಗ್ಗೆ ಏಳು ಬಗೆಯ ಎಳೆಯ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ ಹಾಕಿದ ಅಕ್ಕಿ ಗಂಜಿಯನ್ನು ಕುಡಿಯುವುದು ಅಲ್ಲಿನ ಸಂಪ್ರದಾಯ. ಟರ್ನಿಪ್ ಮತ್ತು ಮೂಲಂಗಿಗಳನ್ನು ಬಿಟ್ಟರೆ ಉಳಿದ ಐದೂ ಹೊಲದ ಬದುವಿನಲ್ಲಿ, ನೀರಿನ ಅಂಚಿನಲ್ಲಿ ತಾವಾಗಿಯೇ ಹುಟ್ಟುವ ಸೊಪ್ಪುಗಳು. ಹಬ್ಬದ ಊಟಗಳಿಂದ ದಣಿದ ಹೊಟ್ಟೆಗೆ ಇದು ವಿಶ್ರಾಂತಿ ಎನ್ನುತ್ತಾರೆ. ಹಳೆಯ ಪಂಚಾಂಗದಲ್ಲಿ ಮೊದಲ ತಿಂಗಳ ಏಳನೇ ದಿನ ಬಹುಮಟ್ಟಿಗೆ ಫೆಬ್ರವರಿಯಲ್ಲಿ ಬರುತ್ತಿತ್ತು, ಅಷ್ಟರಲ್ಲಿ ನೆಲ ಚಿಗುರತೊಡಗಿರುತ್ತಿತ್ತು. ಈಗಿನ ಜನವರಿ 7ರಂದು ಬದುವಿಗೆ ಹೋದರೆ ಸಿಗುವುದು ಇಬ್ಬನಿ ಹೆಪ್ಪುಗಟ್ಟಿದ ಮಣ್ಣು. ಹಾಗಾಗಿ ಆ ಸೊಪ್ಪುಗಳನ್ನು ಹಸಿರುಮನೆಗಳಲ್ಲಿ ಬೆಳೆದು, ಏಳರಲ್ಲೂ ಚೂರುಚೂರನ್ನು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಡಿಸಿ, ಬೆರಳುದ್ದದ ಪುಟಾಣಿ ಮೂಲಂಗಿಯೊಂದನ್ನೂ ಸೇರಿಸಿ, ಸೂಪರ್ ಮಾರ್ಕೆಟ್‌ಗಳಲ್ಲಿ ಮಾರುತ್ತಾರೆ. ಮಾರ್ಚ್ 3ರ ಬೊಂಬೆ ಹಬ್ಬದ ಕಥೆಯೂ ಇದೇ. ಪೀಚ್ ಹೂವಿನ ಹಬ್ಬವದು, ಆದರೆ ಪೀಚ್ ಮರಗಳು ಅಷ್ಟು ಬೇಗ ಹೂಬಿಡುವುದಿಲ್ಲವಾದ್ದರಿಂದ ಕೃತಕ ಶಾಖದಲ್ಲಿ ಅರಳಿಸಿದ ಕೊಂಬೆಗಳನ್ನು ತರಬೇಕಾಗುತ್ತದೆ. ಆಕಾಶಗಂಗೆಯ ಎರಡು ದಡಗಳಲ್ಲಿರುವ ಎರಡು ನಕ್ಷತ್ರಗಳು ವರ್ಷಕ್ಕೊಮ್ಮೆ ಸಂಧಿಸುವ ತನಬಾತಾ ಹಬ್ಬ ಜುಲೈ 7ಕ್ಕೆ ಬಂದು ಮಳೆಗಾಲದ ಮೋಡಗಳ ನಡುವೆ ಸಿಕ್ಕಿಕೊಂಡಿತು. ಸೆಂದಾಯ್ ನಗರದವರು ಅದನ್ನು ಒಂದು ತಿಂಗಳು ಮುಂದೂಡಿ ಆಗಸ್ಟ್ 6ರಿಂದ 8ರವರೆಗೆ ಆಚರಿಸುವುದು ಈ ಕಾರಣಕ್ಕೆ. ಪಿತೃಗಳು ಮನೆಗೆ ಬರುವ ಓಬೋನ್ ಹಬ್ಬಕ್ಕಂತೂ ಇಂದು ಮೂರು ದಿನಾಂಕಗಳಿವೆ: ಟೋಕಿಯೊ ನಗರದಲ್ಲಿ ಜುಲೈ ನಡುವೆ, ದೇಶದ ಬಹುಭಾಗದಲ್ಲಿ ಆಗಸ್ಟ್ ನಡುವೆ, ಓಕಿನಾವಾ ದ್ವೀಪಗಳಲ್ಲಿ ಹಳೆಯ ಪಂಚಾಂಗದ ಏಳನೇ ತಿಂಗಳಲ್ಲಿ. ಸರ್ಕಾರದ ಮಾತು ಸ್ವಲ್ಪವೂ ನಡೆಯದಿದ್ದದ್ದು ಶರತ್ಕಾಲದ ಹುಣ್ಣಿಮೆಯ ಹಬ್ಬದ ಮುಂದೆ ಮಾತ್ರ. ಚಂದ್ರನನ್ನು ನೋಡುವುದೇ ಆ ಹಬ್ಬವಾದ್ದರಿಂದ ಅದರ ದಿನವನ್ನು ಚಂದ್ರನನ್ನೇ ಕೇಳಬೇಕು.

ಕೊರಿಯಾದ ಕಥೆ ಬೇರೆ. ಅಲ್ಲಿಯ ಅರಸ ಗೋಜೊಂಗ್ 1896ರಲ್ಲಿ ಹೊಸ ಪಂಚಾಂಗವನ್ನು ಜಾರಿಗೆ ತಂದರೂ ಮನೆಯ ಹಬ್ಬಗಳು ಹಳೆಯ ಲೆಕ್ಕದಲ್ಲಿಯೇ ನಡೆಯುತ್ತಿದ್ದವು. 1910ರಲ್ಲಿ ದೇಶ ಜಪಾನಿನ ವಶವಾದ ಮೇಲೆ, ತಮ್ಮ ದೇಶದಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಲು ಆಳುವವರು ಹೊರಟರು. ಜನವರಿ 1 ಹೊಸ ಹೊಸವರ್ಷವೆಂದೂ ಸೊಲ್ಲಾಲ್ ಹಬ್ಬ ಹಳೆಯ ಹೊಸವರ್ಷವೆಂದೂ ಕರೆಯಿಸಿಕೊಂಡವು. ಹಳೆಯ ಹಬ್ಬದ ಹೊತ್ತಿಗೆ ಅಕ್ಕಿಯ ಗಿರಣಿಗಳನ್ನು ಮುಚ್ಚಿಸುವ ಕ್ರಮವೂ ನಡೆಯಿತು. ಇದರ ಪೆಟ್ಟು ಎಲ್ಲಿಗೆ ಬೀಳುತ್ತದೆಂದು ತಿಳಿಯಬೇಕಾದರೆ ಆ ದಿನದ ಅಡುಗೆಯನ್ನು ನೋಡಬೇಕು. ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಚೆನ್ನಾಗಿ ಕುಟ್ಟಿ, ಬೆಳ್ಳಗಿನ ಉದ್ದನೆಯ ಕೋಲುಗಳಾಗಿ ಹೊಸೆದು, ಒಣಗಿದ ಮೇಲೆ ಓರೆಯಾಗಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಸಾರಿನಲ್ಲಿ ಕುದಿಸುತ್ತಾರೆ, ಇದೇ ತೊಕ್‌ಗುಕ್. ಬೆಳಿಗ್ಗೆ ಪಿತೃಗಳಿಗೆ ಎಡೆ ಇಟ್ಟು, ಮಕ್ಕಳು ಹಿರಿಯರಿಗೆ ನೆಲಮುಟ್ಟಿ ನಮಸ್ಕರಿಸಿ ಕಾಸು ಪಡೆದು, ಎಲ್ಲರೂ ಕೂತು ಒಂದು ಬಟ್ಟಲು ತೊಕ್‌ಗುಕ್ ತಿಂದರೆ ವಯಸ್ಸು ಒಂದು ವರ್ಷ ಹೆಚ್ಚಾದಂತೆ. ಗಿರಣಿ ಮುಚ್ಚಿದರೆ ಪಿತೃಗಳಿಗೆ ಇಡಲು ಎಡೆಯೂ ಇಲ್ಲ, ಮನೆಯವರಿಗೆ ವಯಸ್ಸೂ ಆಗುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹಬ್ಬ ತಾನಾಗಿಯೇ ಮರಳಿರಬೇಕೆಂದು ಯಾರಾದರೂ ಭಾವಿಸಬಹುದು. ಅದು ಹಾಗಾಗಲಿಲ್ಲ. ದಕ್ಷಿಣ ಕೊರಿಯಾದ ಸ್ವಂತ ಸರ್ಕಾರವೇ 1949ರಲ್ಲಿ ಜನವರಿಯ ಮೊದಲ ಮೂರು ದಿನ ರಜೆ ಕೊಟ್ಟು, ಸೊಲ್ಲಾಲ್ ಹಬ್ಬಕ್ಕೆ ರಜೆ ನಿರಾಕರಿಸಿತು. ಎರಡೆರಡು ಹೊಸ ವರ್ಷಗಳೆಂದರೆ ದುಂದುವೆಚ್ಚ ಎಂಬುದು ಅದರ ವಾದ. ಜನ ಕೆಲಸಕ್ಕೆ ರಜೆ ಹಾಕಿ ಊರಿಗೆ ಹೋಗುತ್ತಲೇ ಇದ್ದರು. 1985ರಲ್ಲಿ ಸರ್ಕಾರ ಸ್ವಲ್ಪ ಸಡಿಲಗೊಂಡು, ಸೊಲ್ಲಾಲ್ ಎಂಬ ಹೆಸರನ್ನೆತ್ತದೆ ‘ಜಾನಪದ ದಿನ’ ಎಂದು ಒಂದು ದಿನದ ರಜೆ ಕೊಟ್ಟಿತು. 1989ರಲ್ಲಿ ಹಬ್ಬಕ್ಕೆ ಅದರ ಹೆಸರು ಮತ್ತು ಮೂರು ದಿನಗಳ ರಜೆ ಎರಡೂ ಸಿಕ್ಕವು. ಪರಕೀಯರಿಗೆ ಬಗ್ಗದ ಹಬ್ಬ ಸ್ವಕೀಯರನ್ನು ನಾಲ್ಕು ದಶಕ ಸುಮ್ಮನೆ ಕಾದು ಗೆದ್ದಿತು ಎಂಬುದು ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಭಾಗ.

ಚೀನಾದ ಕುರಿತು ಸಂಕ್ಷಿಪ್ತವಾಗಿ ಹೇಳಿದರೆ ಸಾಕು. 1912ರ ಗಣರಾಜ್ಯ ಹೊಸ ಪಂಚಾಂಗವನ್ನು ತಂದಿತು. ನಾನ್‌ಜಿಂಗ್ ಸರ್ಕಾರ 1930ರ ಸುಮಾರಿಗೆ ಹಳೆಯ ಹೊಸ ವರ್ಷದ ಆಚರಣೆಯನ್ನೇ ನಿಷೇಧಿಸಲು ಹೊರಟು ಕೆಲವೇ ವರ್ಷಗಳಲ್ಲಿ ಸೋತು ಕೈಬಿಟ್ಟಿತು. 1949ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರು ಜನವರಿ 1ಕ್ಕೆ ಒಂದು ದಿನ, ವಸಂತೋತ್ಸವವೆಂಬ ಹೆಸರಿನಲ್ಲಿ ಹಳೆಯ ಹಬ್ಬಕ್ಕೆ ಮೂರು ದಿನ ಎಂದು ರಜೆಯನ್ನು ಹಂಚಿದರು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳನ್ನು ಬಿಟ್ಟರೆ ಹಳೆಯ ಹಬ್ಬಕ್ಕೇ ಹೆಚ್ಚು ರಜೆ ಎಂಬ ಆ ತೂಕ ಬದಲಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಹಬ್ಬವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದು ಏಷ್ಯಾದವರ ಹಟವೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ 1752ರಲ್ಲಿ ಹಳೆಯ ಜೂಲಿಯನ್ ಲೆಕ್ಕವನ್ನು ಬಿಟ್ಟು ಇಂದಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ‘ನಮ್ಮ ಹನ್ನೊಂದು ದಿನಗಳನ್ನು ಹಿಂದಿರುಗಿಸಿ’ ಎಂದು ಜನ ದೊಂಬಿಯೆದ್ದರೆಂಬ ಜನಪ್ರಿಯ ಕಥೆಯನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ನಿಜವಾಗಿ ನಡೆದದ್ದು ಆ ಕಥೆಗಿಂತ ಸೊಗಸಾಗಿದೆ. ಬಕಿಂಗ್‌ಹ್ಯಾಮ್‌ಷೈರ್‌ನ ಕ್ವೇಂಟನ್ ಎಂಬ ಹಳ್ಳಿಯಲ್ಲಿ ಕ್ರಿಸ್‌ಮಸ್ ಸಮಯಕ್ಕೆ ಹೂಬಿಡುತ್ತದೆಂದು ಪ್ರತೀತಿಯಿದ್ದ ಮುಳ್ಳುಗಿಡವೊಂದಿತ್ತು. ಕ್ರಿಸ್ತನ ಹುಟ್ಟಿದ ದಿನ ಯಾವುದೆಂದು ಸಂಸತ್ತಿಗಿಂತ ಆ ಗಿಡಕ್ಕೆ ಚೆನ್ನಾಗಿ ಗೊತ್ತಿರುತ್ತದೆಂದು ಸುತ್ತಲಿನ ಊರುಗಳ ಎರಡು ಸಾವಿರಕ್ಕೂ ಹೆಚ್ಚು ಜನ ಹೊಸ ಲೆಕ್ಕದ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ದೀಪ ಹಿಡಿದು ಅದರ ಸುತ್ತ ನೆರೆದರು. ಗಿಡ ಹೂಬಿಡಲಿಲ್ಲ. ಜನ ಮರುದಿನ ಇಗರ್ಜಿಗೆ ಹೋಗಲು ಒಪ್ಪಲಿಲ್ಲ. ಹಳೆಯ ಕ್ರಿಸ್‌ಮಸ್ ದಿನವನ್ನೂ ಎಂದಿನಂತೆ ಆಚರಿಸಲಾಗುವುದೆಂದು ನೆರೆಹೊರೆಯ ಪಾದ್ರಿಗಳು ಸಾರಬೇಕಾಯಿತು. ಶೆಟ್‌ಲ್ಯಾಂಡ್‌ನ ಫೌಲಾ ದ್ವೀಪದ ಬೆರಳೆಣಿಕೆಯ ಮನೆಗಳವರು ಈಗಲೂ ಜನವರಿ 6ರಂದು ಕ್ರಿಸ್‌ಮಸ್ ಮಾಡುತ್ತಾರೆ. ವೇಲ್ಸ್‌ನ ಗ್ವೈನ್ ಕಣಿವೆಯಲ್ಲಿ ಮಕ್ಕಳು ಜನವರಿ 13ರಂದು ಮನೆಮನೆಗೆ ಹೋಗಿ ಹೊಸ ವರ್ಷದ ಹಾಡು ಹೇಳಿ ಮಿಠಾಯಿ, ಚಿಲ್ಲರೆ ಪಡೆಯುತ್ತಾರೆ.

ಇವೆಲ್ಲದರ ನಡುವೆ ತೀರಾ ಇತ್ತೀಚಿನ ಬದಲಾವಣೆ ಉಕ್ರೇನಿನದು, ಮತ್ತು ಅದು ಹಿಮ್ಮುಖವಾದ ಉದಾಹರಣೆ. ಕ್ರಾಂತಿಯ ನಂತರ 1918ರಲ್ಲಿ ರಷ್ಯಾದ ಸರ್ಕಾರ ಹೊಸ ಪಂಚಾಂಗವನ್ನು ಒಪ್ಪಿಕೊಂಡರೂ ಚರ್ಚು ಹಳೆಯದನ್ನು ಬಿಡಲಿಲ್ಲ. ಆದ್ದರಿಂದ ಆ ಪ್ರದೇಶದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಕ್ರಿಸ್‌ಮಸ್ ಜನವರಿ 7 ಆಯಿತು. ಯುದ್ಧದ ನಡುವೆ, 2023ರಲ್ಲಿ, ಉಕ್ರೇನಿನ ಆರ್ಥೊಡಾಕ್ಸ್ ಚರ್ಚು ಸೆಪ್ಟೆಂಬರ್ 1ರಿಂದ ಸ್ಥಿರ ಹಬ್ಬಗಳಿಗೆ ಹೊಸ ಲೆಕ್ಕವನ್ನು ಸ್ವೀಕರಿಸಿತು. ಸರ್ಕಾರ ಕ್ರಿಸ್‌ಮಸ್ ರಜೆಯನ್ನು ಡಿಸೆಂಬರ್ 25ಕ್ಕೆ ತಂದಿತು. ಮಾಸ್ಕೊದೊಂದಿಗೆ ಒಂದೇ ದಿನ ಹಬ್ಬ ಮಾಡಲು ಮನಸ್ಸಿಲ್ಲದ ಜನ ದಿನಾಂಕವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಲ್ವಿವ್ ನಗರದ ಸಹೋದ್ಯೋಗಿಯೊಬ್ಬರನ್ನು ನಾನು ಆ ವರ್ಷ ಇದರ ಬಗ್ಗೆ ವಿಚಾರಿಸಿದಾಗ, ದಿನ ಬದಲಾದದ್ದಕ್ಕಿಂತ ಹನ್ನೆರಡು ಬಗೆಯ ಅಡುಗೆಗೆ ಎರಡು ವಾರ ಮೊದಲೇ ಸಾಮಾನು ಜೋಡಿಸಬೇಕಾದದ್ದೇ ತಮ್ಮ ತಾಯಿಗೆ ದೊಡ್ಡ ಚಿಂತೆಯಾಗಿದೆ ಎಂದರು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುವುದು, ಬೇಯಿಸಿದ ಇಡೀ ಗೋಧಿಗೆ ಜೇನು ಹಾಗೂ ಅರೆದ ಗಸಗಸೆ ಬೆರೆಸಿದ ಕುತ್ಯಾವನ್ನು ಮೊದಲ ತುತ್ತಾಗಿ ತಿನ್ನುವುದು, ತೀರಿಹೋದವರಿಗೂ ಒಂದು ತಟ್ಟೆ ಇಡುವುದು, ಇವೆಲ್ಲವೂ ಹೊಸ ದಿನಕ್ಕೆ ಹಾಗೆಯೇ ಬಂದವು. ಅವರು ಕಳಿಸಿದ ಚಿತ್ರದಲ್ಲಿದ್ದ ಕುತ್ಯಾ ನಮ್ಮ ಉತ್ತರ ಕರ್ನಾಟಕದ ಗೋಧಿ ಹುಗ್ಗಿಯ ಹಾಗೆಯೇ ಕಾಣುತ್ತಿತ್ತು.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಪಂಚಾಂಗವನ್ನು ಸುಧಾರಿಸುವ ಪ್ರಯತ್ನ ಸ್ವತಂತ್ರ ಭಾರತದಲ್ಲಿಯೂ ನಡೆಯಿತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ರಚನೆಯಾದ ಸಮಿತಿ ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಪರಿಶೀಲಿಸಿ 1955ರಲ್ಲಿ ವರದಿ ಕೊಟ್ಟಿತು. ಅದರಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಯಲ್ಲಿದೆ. ಅದರ ಹೊಸ ವರ್ಷ ಮಾರ್ಚ್ 22ಕ್ಕೆ, ಅಧಿಕ ವರ್ಷಗಳಲ್ಲಿ 21ಕ್ಕೆ. ಗೆಜೆಟ್‌ನ ಮೇಲೆ ಈ ದಿನಾಂಕ ಇಂದಿಗೂ ಅಚ್ಚಾಗುತ್ತದೆ. ಆ ದಿನ ಬೇವು ಬೆಲ್ಲ ತಿಂದವರನ್ನು ನಾನು ಕಂಡಿಲ್ಲ. 2023ರಲ್ಲಿ ಚಾಂದ್ರಮಾನ ಯುಗಾದಿಯೇ ಮಾರ್ಚ್ 22ಕ್ಕೆ ಬಿದ್ದು ಎರಡೂ ಹೊಸ ವರ್ಷಗಳು ಕೂಡಿದವು. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಯಾರನ್ನೂ ಒತ್ತಾಯಿಸದ ಕಾರಣ ಇಲ್ಲಿ ಜಗಳವೂ ಹುಟ್ಟಲಿಲ್ಲ, ಹಬ್ಬವೂ ಕದಲಲಿಲ್ಲ. ತುಳುನಾಡಿನವರು ಏಪ್ರಿಲ್ ನಡುವೆ ಬಿಸು ಹಬ್ಬಕ್ಕೆ ಕಣಿ ಇಟ್ಟು ನೋಡುತ್ತಾರೆ, ಘಟ್ಟದ ಮೇಲಿನವರಲ್ಲಿ ಬಹುಪಾಲು ಜನರದು ಚಾಂದ್ರಮಾನ. ಸರ್ಕಾರದ ಯುಗಾದಿ ರಜೆ ಇರುವುದು ಚಾಂದ್ರಮಾನಕ್ಕಾದರೂ ಬಹಳಷ್ಟು ವರ್ಷಗಳಲ್ಲಿ ಅಂಬೇಡ್ಕರ್ ಜಯಂತಿಯ ದಿನವೇ ಬಿಸು ಬರುವುದರಿಂದ ಕರಾವಳಿಯವರಿಗೂ ಅಂಥ ನಷ್ಟವಿಲ್ಲ.

ಸಹಾ ಸಮಿತಿ ಎತ್ತಿದ ಇನ್ನೊಂದು ಪ್ರಶ್ನೆ ಮಾತ್ರ ನನ್ನನ್ನು ಕಾಡುತ್ತಲೇ ಇರುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಉತ್ತರಾಯಣದ ಪುಣ್ಯಕಾಲವೆಂದು ನಾವು ಆಚರಿಸುವ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ. ಭೂಮಿಯ ಅಕ್ಷದ ನಿಧಾನವಾದ ತೊನೆದಾಟದಿಂದಾಗಿ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಎರಡರ ನಡುವಿನ ಅಂತರ ಬೆಳೆಯುತ್ತಿದೆ. ನಮ್ಮ ಹಬ್ಬಗಳು ತಮ್ಮ ಋತುಗಳಿಂದ ಸುಮಾರು ಇಪ್ಪತ್ತಮೂರು ದಿನ ಸರಿದಿವೆಯೆಂದು ಸಮಿತಿ ಆಗಲೇ ತೋರಿಸಿಕೊಟ್ಟಿತ್ತು. ಸಂಕ್ರಾಂತಿಯನ್ನು ಡಿಸೆಂಬರಿಗೆ ತರಬೇಕೆಂದು ವಾದಿಸುವವರು ಆಗಾಗ ಸಿಗುತ್ತಾರೆ, ಖಗೋಳದ ಲೆಕ್ಕದಲ್ಲಿ ಅವರ ಮಾತು ಸರಿಯೇ. ಆದರೂ ಹಾಗೊಂದು ಪ್ರಸ್ತಾಪ ಬಂದರೆ ನಾನು ವಿರೋಧಿಸುವವರ ಸಾಲಿನಲ್ಲಿರುತ್ತೇನೆ. ಜನವರಿ ನಡುವಿನ ಹೊತ್ತಿಗೆ ಹಳೇ ಮೈಸೂರಿನ ಕಡೆ ಸುಗ್ಗಿ ಮುಗಿದು ಕಣದಲ್ಲಿ ರಾಶಿ ಇರುತ್ತದೆ, ಸೊಗಡಿನ ಅವರೆಕಾಯಿ ಸಂತೆಗೆ ಬಂದಿರುತ್ತದೆ, ಕಬ್ಬು ಜಲ್ಲೆ ಜಲ್ಲೆಯಾಗಿ ಮಾರುಕಟ್ಟೆಯಲ್ಲಿ ಒರಗಿರುತ್ತದೆ, ದನಗಳಿಗೆ ಕಿಚ್ಚು ಹಾಯಿಸಲು ಹೊಸ ಹುಲ್ಲು ಸಿದ್ಧವಿರುತ್ತದೆ. ಹಬ್ಬವನ್ನು ಮೂರು ವಾರ ಹಿಂದಕ್ಕೆ ತಂದರೆ ಜಪಾನಿನವರ ಏಳು ಸೊಪ್ಪಿನಂತೆ ಇವನ್ನೆಲ್ಲ ಡಬ್ಬಿಯಲ್ಲಿ ಕೊಂಡು ತರಬೇಕಾದೀತು.