ಹಾಲಿಲ್ಲದ ಕೆನೆ: ಜಿನ್ ಶುವಾನ್ ಊಲಾಂಗ್ ಬಸಿಯುವ ಬಗೆ

ಊಲಾಂಗ್ ಎಂದರೆ ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆ. ತೈವಾನಿನ ಜಿನ್ ಶುವಾನ್ ಎಂಬ ತಳಿಯ ಊಲಾಂಗನ್ನು ಮೊದಲ ಸಲ ಕುಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ಇದಕ್ಕೆ ಹಾಲು ಹಾಕಿದ್ದಾರಾ? ಹಾಕಿಲ್ಲ. ಎಲೆಯನ್ನು ಹಾಲಿನಲ್ಲಿ ನೆನೆಸಿಲ್ಲ, ಹಾಲಿನ ಹಬೆಯಲ್ಲಿ ಬೇಯಿಸಿಲ್ಲ, ಗಿಡದ ಬುಡಕ್ಕೆ ಹಾಲು ಸುರಿದೂ ಇಲ್ಲ. ಇವೆಲ್ಲ ಟೀ ಮಾರುವವರ ಬಾಯಲ್ಲಿ ಬೆಳೆದ ಕಥೆಗಳು. ಆ ಕೆನೆ ತಳಿಯ ಹುಟ್ಟುಗುಣ. ಆದರೆ ಅದು ತೀರಾ ಮೆದುವಾದ ಗುಣ. ತಾನಾಗಿ ಮುಂದೆ ಬಂದು ನಿಲ್ಲುವುದಿಲ್ಲ; ಎಲೆಗೆ ಸಾಕಷ್ಟು ಶಾಖ ಮತ್ತು ಬಿಚ್ಚಿಕೊಳ್ಳಲು ಜಾಗ ಕೊಟ್ಟರೆ ಮಾತ್ರ ಸಿಗುತ್ತದೆ.

ಈ ತಳಿಯನ್ನು ತೈವಾನಿನ ಸರ್ಕಾರಿ ಟೀ ಸಂಶೋಧನಾ ಕೇಂದ್ರ 1981ರಲ್ಲಿ ಬಿಡುಗಡೆ ಮಾಡಿತು. ಕಾಗದದ ಮೇಲಿನ ಹೆಸರು ತೈಚಾ 12. ತಾಯಿ ಗಿಡ ತೈನೊಂಗ್ 8, ತಂದೆ ಗಿಡ ಯಿಂಗ್‌ಝಿ ಹೊಂಗ್‌ಶಿನ್. ಪ್ರಯೋಗದ ಹಂತದಲ್ಲಿ ಇದರ ಸಂಖ್ಯೆ 2027 ಆಗಿತ್ತು, ಹಾಗಾಗಿ ಅಲ್ಲಿನ ಬೆಳೆಗಾರರಲ್ಲಿ ಇದನ್ನು ಬರೀ ‘27’ ಎಂದು ಕರೆಯುವ ರೂಢಿ ಇದೆ. ಅದೇ ವರ್ಷ ಜೊತೆಯಲ್ಲೇ ಹೊರಬಂದ ತೈಚಾ 13, ಅಂದರೆ ಚುಯಿ ಯು, ಹೂವಿನ ಘಮದಲ್ಲಿ ಇದಕ್ಕಿಂತ ಒಂದು ಕೈ ಮೇಲು. ಕೆನೆಯ ಮಾತು ಬಂದರೆ ಜಿನ್ ಶುವಾನೇ ಸೈ. ಹಳೆಯ ಚಿಂಗ್ ಶಿನ್ ತಳಿಗಿಂತ ಇದು ಹೆಚ್ಚು ಇಳುವರಿ ಕೊಡುತ್ತದೆ, ಗಿಡವೂ ಗಟ್ಟಿ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದು, ಗುಣ ಕಡಿಮೆ ಎಂದಲ್ಲ.

ಎಲ್ಲಿ ಬೆಳೆದದ್ದು ಎನ್ನುವುದು ಮುಖ್ಯ. ನಾಂಟೊ ಜಿಲ್ಲೆಯ ಮಿಂಗ್‌ಜಿಯಾನ್‌ನ ತಗ್ಗು ತೋಟಗಳಲ್ಲಿ ಯಂತ್ರದಿಂದ ಕೊಯ್ದ ಎಲೆ ಅಗ್ಗ; ಹೂವಿನ ಘಮ ಚೆನ್ನಾಗಿಯೇ ಇರುತ್ತದೆ, ಆದರೆ ಬಾಯಲ್ಲಿ ತೆಳು. ಜಿಯಾಯಿ ಜಿಲ್ಲೆಯ ಅಲಿಶಾನ್ ಬೆಟ್ಟಗಳಲ್ಲಿ, ಸಾವಿರ ಮೀಟರಿಗಿಂತ ಮೇಲೆ, ಮಂಜು ಮತ್ತು ತಂಪಿನಲ್ಲಿ ನಿಧಾನವಾಗಿ ಬೆಳೆದ ಎಲೆ ದಪ್ಪ, ಒಗರು ಕಡಿಮೆ. ವಸಂತದ ಕೊಯ್ಲಿನಲ್ಲಿ ಹೂವು ಮುಂದು, ಚಳಿಗಾಲದ ಕೊಯ್ಲಿನಲ್ಲಿ ಮೈ, ಅಂದರೆ ಬಾಯಿ ತುಂಬುವ ದಪ್ಪ, ಮತ್ತು ಸಿಹಿ ಮುಂದು. ಕೆನೆಗಾಗಿಯೇ ಕೊಳ್ಳುವುದಾದರೆ ನನ್ನ ಆಯ್ಕೆ ಚಳಿಗಾಲದ್ದು, ಅದೂ ಹುರಿಯದೆ ಇದ್ದದ್ದು. ಹುರಿದ ಜಿನ್ ಶುವಾನ್ ಕೆಟ್ಟದ್ದೇನಲ್ಲ. ಆದರೆ ಬೆಂಕಿ ಏರಿದಂತೆ ಹಾಲಿನ ಘಮ ಹಿಂದೆ ಸರಿದು ಹುರಿದ ಧಾನ್ಯ, ಕಂದಿಸಿದ ಸಕ್ಕರೆಯ ವಾಸನೆ ಆ ಜಾಗಕ್ಕೆ ಬರುತ್ತದೆ.

‘ಕೆನೆ’ ಎನ್ನುವಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಪದದಲ್ಲಿ ಹೇಳುತ್ತಿರುತ್ತೇವೆ. ಒಂದು ಘಮ: ಬೆಚ್ಚಗಿನ ಹಾಲು, ಹಸಿ ಬೆಣ್ಣೆ. ಇನ್ನೊಂದು ಸ್ಪರ್ಶ: ಗುಟುಕು ನಾಲಿಗೆಯ ಮೇಲೆ ನೀರಿನಂತೆ ಓಡದೆ ತುಸು ದಪ್ಪಗೆ, ನುಣ್ಣಗೆ ಜಾರುವುದು. ಘಮ ಕುಲುಕಿದ ಎಲೆಯಿಂದ ಬರುತ್ತದೆ. ಕೊಯ್ದ ಎಲೆಯನ್ನು ಬಿಸಿಲಿನಲ್ಲಿ ಬಾಡಿಸಿ, ಒಳಗೆ ಹರಡಿ, ಮತ್ತೆ ಮತ್ತೆ ಕುಲುಕಿ ಅಂಚುಗಳನ್ನು ಜಜ್ಜುತ್ತಾರೆ. ಇನ್ನೂ ಜೀವವಿರುವ ಎಲೆ ಆ ಪೆಟ್ಟಿಗೆ ಉತ್ತರವಾಗಿ ಜಾಸ್ಮಿನ್ ಲ್ಯಾಕ್ಟೋನ್, ಇಂಡೋಲ್, ನೆರೊಲಿಡಾಲ್ ಮೊದಲಾದ ಘಮದ ವಸ್ತುಗಳನ್ನು ತಯಾರಿಸುತ್ತದೆ. ಹೂವಿನ ಪರಿಮಳದ ಹಿಂದಿರುವುದು ಇವೇ. ಲ್ಯಾಕ್ಟೋನುಗಳ ಕುಟುಂಬವೇ ಬೆಣ್ಣೆ, ಕೆನೆ, ತೆಂಗಿನಕಾಯಿ, ಪೀಚ್ ಹಣ್ಣುಗಳ ಘಮಕ್ಕೂ ಕಾರಣ ಎಂದು ಗೊತ್ತಿದ್ದರೆ, ಹೂವು ಮತ್ತು ಕೆನೆ ಒಂದೇ ಬಟ್ಟಲಿನಲ್ಲಿ ಸೇರಿಕೊಳ್ಳುವುದು ವಿಚಿತ್ರ ಎನಿಸುವುದಿಲ್ಲ.

ಬಾಡಿಸುವ ಹಂತದಲ್ಲಿ ಅವಸರ ಮಾಡಿದ ಟೀಯನ್ನು ಮಾತ್ರ ನಾವು ಯಾರೂ ಸರಿಪಡಿಸಲಾರೆವು. ತೊಟ್ಟಿನಲ್ಲಿ ಉಳಿದ ನೀರು ಎಲೆಯ ಮೂಲಕ ಹೊರಗೆ ಹೋಗದಿದ್ದರೆ ಹುಲ್ಲು ತರಿದಂಥ ಹಸಿ ವಾಸನೆ ಒಳಗೇ ಉಳಿಯುತ್ತದೆ, ಹಿಂದೆಯೇ ಒಂದು ಒರಟು ಕಹಿ. ಅಂಥ ಎಲೆಗೆ ನೀರಿನ ಶಾಖ ಏರಿಸಿ ಇಳಿಸಿ ಹೆಣಗಾಡುವುದು ಬೇಡ. ತಪ್ಪು ನಿಮ್ಮ ಕೈಯದಲ್ಲ.

ಅಂಗಡಿಗಳಲ್ಲಿ ‘ಮಿಲ್ಕ್ ಊಲಾಂಗ್’ ಎಂದು ಸಿಗುವುದರಲ್ಲಿ ಬಹಳಷ್ಟು ಸುವಾಸನೆ ಬೆರೆಸಿದ್ದು. ಬೆರೆಸಿದ್ದನ್ನು ಹಾಗೆಂದೇ ಬರೆದು ಮಾರಿದರೆ ಯಾರ ತಕರಾರೂ ಇಲ್ಲ. ಬರೆಯದೆ ಮಾರುವುದು ಅನ್ಯಾಯ, ಏಕೆಂದರೆ ಅದನ್ನೇ ಕುಡಿದು ರೂಢಿಯಾದವರಿಗೆ ನಿಜವಾದ ಜಿನ್ ಶುವಾನ್ ಸಪ್ಪೆ ಎನಿಸಿಬಿಡುತ್ತದೆ. ಗುರುತಿಸುವುದು ಕಷ್ಟವಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಬೆಣ್ಣೆ ಮಿಠಾಯಿಯ ವಾಸನೆ ಮೂಗಿಗೆ ಹೊಡೆದರೆ ಅನುಮಾನಿಸಿ. ನಿಜವಾದ ಒಣ ಎಲೆ ಅಷ್ಟು ಜೋರಾಗಿ ಮಾತಾಡುವುದಿಲ್ಲ. ಈ ಟೀಯ ಎಲೆಯನ್ನು ಸುತ್ತಿ ಗುಂಡು ಮಾಡಿರುತ್ತಾರೆ; ಅಂಥ ನಾಲ್ಕು ಗುಂಡುಗಳನ್ನು ತಣ್ಣೀರಿಗೆ ಹಾಕಿ ಎರಡು ನಿಮಿಷ ಬಿಟ್ಟು ಮೂಸಿ. ಮೇಲೆ ಹಚ್ಚಿದ ವಾಸನೆ ಅಷ್ಟರಲ್ಲೇ ನೀರಿಗಿಳಿದಿರುತ್ತದೆ, ಎಲೆಯೊಳಗಿನದು ಅಷ್ಟು ಬೇಗ ಬರುವುದಿಲ್ಲ. ಇನ್ನೂ ಸಂಶಯವಿದ್ದರೆ ಮೂರನೇ ಬಸಿತದವರೆಗೆ, ಅಂದರೆ ಅದೇ ಎಲೆಗೆ ಮೂರನೇ ಸಲ ನೀರು ಹಾಕಿ ಬಸಿಯುವವರೆಗೆ, ಕಾಯಿರಿ. ಬೆರೆಸಿದ್ದು ಮೊದಲ ಬಟ್ಟಲಿನಲ್ಲಿ ಅಬ್ಬರಿಸಿ ಮೂರನೆಯದರಲ್ಲಿ ಖಾಲಿಯಾಗುತ್ತದೆ. ಅಸಲಿ ಎಲೆ ಎರಡು, ಮೂರನೆಯದರಲ್ಲೇ ಅತ್ಯಂತ ತುಂಬಿಕೊಂಡಿರುತ್ತದೆ.

ಇನ್ನು ಬಸಿಯುವುದು. 120 ಮಿ.ಲೀ. ಹಿಡಿಯುವ ಪಿಂಗಾಣಿಯ ಗೈವಾನ್, ಅಂದರೆ ಮುಚ್ಚಳ ಮತ್ತು ತಟ್ಟೆ ಇರುವ ಬಟ್ಟಲು, ಇದ್ದರೆ ಸಾಕು. ಮೆರುಗಿಲ್ಲದ ಮಣ್ಣಿನ ಕುಡಿಕೆ ಘಮವನ್ನು ಹೀರಿಕೊಳ್ಳುತ್ತದೆ. ಹುರಿದ ಊಲಾಂಗಿಗೆ ಅದು ಒಳ್ಳೆಯದು, ಇದಕ್ಕೆ ಬೇಡ. ಎಲೆ 6 ಗ್ರಾಂ, ತೂಗಿಯೇ ಹಾಕಿ. ಚಮಚದ ಲೆಕ್ಕ ನಂಬಬೇಡಿ, ಏಕೆಂದರೆ ಬಿಗಿಯಾಗಿ ಸುತ್ತಿದ ಗುಂಡು ಮತ್ತು ಸಡಿಲ ಗುಂಡಿನ ತೂಕ ಒಂದೇ ಚಮಚದಲ್ಲಿ ಬಹಳ ಬೇರೆಯಾಗುತ್ತದೆ. 6 ಗ್ರಾಂ ನೋಡಲು ಏನೇನೂ ಸಾಲದು ಎನಿಸುತ್ತದೆ, ಗೈವಾನಿನ ತಳ ಮುಚ್ಚುವಷ್ಟೇ. ಇನ್ನೊಂದಿಷ್ಟು ಹಾಕೋಣ ಎನ್ನಿಸುವುದು ಇಲ್ಲೇ, ಕೆಡುವುದೂ ಇಲ್ಲೇ. ಮೂರನೇ ಬಸಿತದ ಹೊತ್ತಿಗೆ ಅದೇ ಎಲೆ ಅರಳಿ ಮುಚ್ಚಳ ಮುಟ್ಟುತ್ತದೆ. 10 ಗ್ರಾಂ ತುಂಬಿದರೆ ನಡುವಿನ ಗುಂಡುಗಳು ಬಿಚ್ಚಿಕೊಳ್ಳಲು ಜಾಗವಿಲ್ಲದೆ ಇಕ್ಕಟ್ಟಿನಲ್ಲೇ ಉಳಿಯುತ್ತವೆ, ಹೊರಗಿನವು ಅತಿಯಾಗಿ ಬೇಯುತ್ತವೆ. ಬಟ್ಟಲಿನಲ್ಲಿ ಸಿಗುವುದು ಕಹಿ ಮತ್ತು ಸಪ್ಪೆ ಎರಡೂ ಒಟ್ಟಿಗೆ.

ನೀರು ಹಗುರಾಗಿರಬೇಕು. ಕರಗಿದ ಲವಣ ಲೀಟರಿಗೆ 30ರಿಂದ 100 ಮಿ.ಗ್ರಾಂ ಒಳಗಿದ್ದರೆ ಚೆನ್ನ. ಗಡಸು ನೀರಿನಲ್ಲಿ ಟೀ ಮಂಕಾಗಿ ಹೂವು ಮಾಯವಾಗುತ್ತದೆ. ಲವಣವೇ ಇಲ್ಲದಂತೆ ಶುದ್ಧಮಾಡಿದ ನೀರಿನಲ್ಲಿ ಘಮ ಇರುತ್ತದೆ, ಮೈ ಇರುವುದಿಲ್ಲ. ಶಾಖ 95 ಡಿಗ್ರಿ. ಹಸಿರು ಟೀಗೆ ಮಾಡುವಂತೆ 80 ಡಿಗ್ರಿಗೆ ಇಳಿಸುವುದು ಈ ಎಲೆಗೆ ಆಗುವ ಅತಿ ಸಾಮಾನ್ಯ ಅನ್ಯಾಯ. ಬಿಗಿದ ಗುಂಡು ಆ ಶಾಖಕ್ಕೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಆಮೇಲೆ ‘ಕೆನೆ ಎಲ್ಲಿ’ ಎಂದು ಹುಡುಕಬೇಕಾಗುತ್ತದೆ. ಬೆಟ್ಟದ ಮೇಲಿನ ಊರುಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಕಡಿಮೆ ಶಾಖಕ್ಕೇ ನೀರು ಕುದಿಯುತ್ತದೆ. ಅಲ್ಲಿರುವವರು ಕುದಿದ ನೀರನ್ನು ತಣಿಯಲು ಬಿಡದೆ ನೇರ ಸುರಿಯಬಹುದು.

ಗೈವಾನಿಗೆ ಬಿಸಿನೀರು ಹಾಕಿ ಸುತ್ತಲೂ ಆಡಿಸಿ ಚೆಲ್ಲಿ. ಆ ಬಿಸಿಗೆ ಒಣ ಎಲೆ ಹಾಕಿ ಮುಚ್ಚಿ, ಎರಡು ಸಲ ಕುಲುಕಿ, ಮುಚ್ಚಳ ಸರಿಸಿ ಮೂಸಿ. ಎಲೆಯ ಹೂವು ಮೊದಲು ಕಾಣುವುದು ಇಲ್ಲೇ. ನೀರನ್ನು ಅಂಚಿನಿಂದ ಸುತ್ತ ಸುರಿಯಿರಿ, ಬಟ್ಟಲಿನ ಬಾಯಿ ಹೊರಕ್ಕೆ ಬಾಗುವ ಗೆರೆಯ ಕೆಳಗೇ ನಿಲ್ಲಿಸಿ. ಅದರ ಮೇಲೆ ತುಂಬಿದರೆ ಎತ್ತುವಾಗ ಬೆರಳು ಸುಡುವುದು ಖಂಡಿತ. ಎಲೆ ತೊಳೆಯುವುದು ಕಡ್ಡಾಯವಲ್ಲ. ಮಾಡುವುದಾದರೆ 5 ಸೆಕೆಂಡಿನಲ್ಲಿ ಚೆಲ್ಲಿ, ಮುಚ್ಚಿ ಅರ್ಧ ನಿಮಿಷ ಬಿಡಿ. ಒಳಗಿನ ಹಬೆಗೆ ಗುಂಡುಗಳು ಸಡಿಲಗೊಳ್ಳಲು ಶುರುಮಾಡುತ್ತವೆ.

ಮೊದಲ ಬಸಿತ 50 ಸೆಕೆಂಡ್. ತೊಳೆಯದಿದ್ದರೆ 60. ಎರಡನೆಯದು ಕಡಿಮೆ, 35 ಸೆಕೆಂಡ್. ಇಲ್ಲಿ ಬಹಳ ಜನ ಎಡವುತ್ತಾರೆ. ಮೊದಲನೆಯದಕ್ಕಿಂತ ಎರಡನೆಯದಕ್ಕೆ ಹೆಚ್ಚು ಹೊತ್ತು ಬೇಕು ಎಂದುಕೊಳ್ಳುವುದು ಸಹಜ, ಆದರೆ ಮೊದಲ ಬಸಿತದ ಹೆಚ್ಚಿನ ಸಮಯ ಗುಂಡು ಬಿಚ್ಚುವುದಕ್ಕೇ ಹೋಗಿರುತ್ತದೆ. ಎರಡನೆಯ ಸಲ ಎಲೆ ತೆರೆದುಕೊಂಡೇ ಕೂತಿರುತ್ತದೆ. ಮೂರಕ್ಕೆ 45, ನಾಲ್ಕಕ್ಕೆ 60, ಐದಕ್ಕೆ 90 ಸೆಕೆಂಡ್, ಆರಕ್ಕೆ ಎರಡೂವರೆ ನಿಮಿಷ.

ಪ್ರತಿ ಸಲವೂ ಕೊನೆಯ ಹನಿಯವರೆಗೆ ಬಸಿಯಿರಿ. ಮುಚ್ಚಳವನ್ನು ಗುಂಡು ಹೊರಬೀಳದಷ್ಟು ಮಾತ್ರ ಸರಿಸಿ, ಬಟ್ಟಲನ್ನು ಪೂರ್ತಿ ನೆಟ್ಟಗೆ ಬಗ್ಗಿಸಿ, ಧಾರೆ ನಿಂತ ಮೇಲೂ ಮೂರು ನಾಲ್ಕು ಹನಿ ಬೀಳುವವರೆಗೆ ಹಿಡಿದಿರಿ. ತಳದಲ್ಲಿ ಉಳಿದ ಎರಡು ಚಮಚ ನೀರು ಬಿಸಿ ಎಲೆಯೊಡನೆ ಕೂತು, ಮುಂದಿನ ಬಸಿತಕ್ಕೆ ಒಗರನ್ನು ಹೊತ್ತು ತರುತ್ತದೆ. ಎಲೆ ಸರಿ, ನೀರು ಸರಿ, ಗಡಿಯಾರ ಸರಿ, ಆದರೂ ಮೂರನೆಯದು ಕಹಿ ಎಂದರೆ ಮೊದಲು ಇದನ್ನೇ ನೋಡಿ. ಬಸಿದ ಮೇಲೆ ಮುಚ್ಚಳವನ್ನು ತುಸು ತೆರೆದಿಡಿ, ಇಲ್ಲದಿದ್ದರೆ ಎಲೆ ತನ್ನ ಹಬೆಯಲ್ಲೇ ಬೆಂದು ಬೇಯಿಸಿದ ಸೊಪ್ಪಿನ ವಾಸನೆ ಹಿಡಿಯುತ್ತದೆ. ಎಲ್ಲರಿಗೂ ಒಂದೇ ಹದದ ಟೀ ಸಿಗಬೇಕಾದರೆ ನೇರ ಬಟ್ಟಲುಗಳಿಗೆ ಸುರಿಯದೆ ಒಂದು ಚಿಕ್ಕ ಹೂಜಿಗೆ ಬಸಿದು ಹಂಚಿ.

ಬಣ್ಣ ಜೇನಿನ ಕಡೆಗೆ ವಾಲಿದ ತಿಳಿ ಹಳದಿ ಇರಬೇಕು. ಕುಡಿಯುವುದಕ್ಕೆ ಆತುರ ಬೇಡ. ಮೊದಲು ಮುಚ್ಚಳದ ಒಳಮೈ ಮೂಸಿ. ಅಲ್ಲಿ ಹೂವು ಇರುತ್ತದೆ, ಬಿಸಿ ಇರುವಾಗಲಷ್ಟೇ. ಬಾಯಿ ಸುಡುವ ಟೀಯಲ್ಲಿ ಕೆನೆ ತಿಳಿಯುವುದಿಲ್ಲ, ನಾಲಿಗೆಗೆ ಬಿಸಿಯೊಂದೇ ಗೊತ್ತಾಗುತ್ತದೆ. 50ರಿಂದ 55 ಡಿಗ್ರಿಗೆ ಇಳಿಯಲಿ. ಚಿಕ್ಕ ಗುಟುಕನ್ನು ಗಾಳಿಯೊಡನೆ ಸುರ್ರೆಂದು ಎಳೆದುಕೊಳ್ಳಿ, ನಾಲಿಗೆಯ ಮೇಲೆ ಹರಡಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಹಾಲಿನ ಘಮ ಬರುವುದು ಆ ಉಸಿರಿನಲ್ಲಿ. ಬಟ್ಟಲಿನ ಮೇಲೆ ಮೂಗಿಟ್ಟು ಹುಡುಕಿದವರಿಗೆ ಅರ್ಧ ಮಾತ್ರ ದಕ್ಕಿರುತ್ತದೆ. ಬಟ್ಟಲು ಖಾಲಿಯಾಗಿ ಒಂದೆರಡು ನಿಮಿಷ ತಣಿದ ಮೇಲೆ ಅದರ ತಳವನ್ನು ಮತ್ತೊಮ್ಮೆ ಮೂಸಿ. ಹೂವು ಹೋಗಿ ಬರೀ ಬೆಣ್ಣೆ, ಸಕ್ಕರೆಯ ಘಮ ಉಳಿದಿರುತ್ತದೆ. ತೈವಾನಿನಲ್ಲಿ ಇದಕ್ಕೆಂದೇ ಉದ್ದನೆಯ ಮೂಸುವ ಬಟ್ಟಲುಗಳನ್ನು ಬಳಸುವುದು ಸುಮ್ಮನೆ ಅಲ್ಲ.

ಹೊಸದಾಗಿ ಕೊಂಡ ಎಲೆಯ ಗುಣ ಅಳೆಯಬೇಕಿದ್ದರೆ ಬೇರೆ ದಾರಿ ಇದೆ. 3 ಗ್ರಾಂ ಎಲೆ, 150 ಮಿ.ಲೀ. ಕುದಿನೀರು, 6 ನಿಮಿಷ. ಟೀ ಪರೀಕ್ಷಿಸುವವರು ಹೀಗೆಯೇ ಮಾಡುತ್ತಾರೆ. ಇದು ಮುದ್ದು ಮಾಡುವ ವಿಧಾನವಲ್ಲ, ಎಲೆಯ ದೋಷಗಳನ್ನೆಲ್ಲ ಹೊರಗೆಳೆಯುವ ವಿಧಾನ. ಅಷ್ಟಾದರೂ ಕಹಿ ನಾಲಿಗೆಗೆ ಅಂಟಿಕೊಳ್ಳದೆ ಕರಗಿ ಸಿಹಿ ಹಿಂದಿರುಗಿದರೆ ಒಳ್ಳೆಯ ಎಲೆ ಕೊಂಡಿದ್ದೀರಿ. ದಿನನಿತ್ಯ ದೊಡ್ಡ ಲೋಟದಲ್ಲಿ ಕುಡಿಯುವವರಿಗೆ 3 ಗ್ರಾಂ, 200 ಮಿ.ಲೀ., 3 ನಿಮಿಷ ಸಾಕು. ಅದೇ ಎಲೆಗೆ ಇನ್ನೆರಡು ಸಲ ನೀರು ಹಾಕಬಹುದು. ಕಿರಿದಾದ ಜಾಲರಿ ಬುಟ್ಟಿ ಮಾತ್ರ ಬೇಡ, ಎಲೆ ಅರಳಲಾರದು.

ಪೊಟ್ಟಣ ಒಡೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸಿ. ಹುರಿಯದ ಊಲಾಂಗ್ ಗಾಳಿ, ಬೆಳಕು, ತೇವ ಯಾವುದನ್ನೂ ತಡೆಯುವುದಿಲ್ಲ. ಮೊದಲು ಹೂವು ಹೋಗುತ್ತದೆ, ಆಮೇಲೆ ಕಮಟು ಬರುತ್ತದೆ. ಒಡೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಬಹುದು. ಹೊರತೆಗೆದ ಕೂಡಲೇ ಕತ್ತರಿ ಹಾಕಬೇಡಿ. ಪೊಟ್ಟಣ ಕೋಣೆಯ ಶಾಖಕ್ಕೆ ಬರಲು ಕೆಲವು ಗಂಟೆ ಬಿಡಿ, ಇಲ್ಲವಾದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂತು ಒಂದೇ ವಾರದಲ್ಲಿ ಟೀ ಸತ್ತುಹೋಗುತ್ತದೆ.

ಕೊನೆಯ ಬಸಿತವಾದ ಮೇಲೆ ಒಂದು ಎಲೆಯನ್ನು ಬಿಳಿ ತಟ್ಟೆಯ ಮೇಲೆ ಬೆರಳಿನಿಂದ ಬಿಡಿಸಿ ನೋಡಿ. ಕೈಯಿಂದ ಕೊಯ್ದದ್ದಾದರೆ ಒಂದೇ ತೊಟ್ಟಿಗೆ ಎರಡು ಮೂರು ಎಲೆ ಹಾಗೇ ಕೂಡಿಕೊಂಡಿರುತ್ತವೆ. ಯಂತ್ರದ್ದಾದರೆ ಕತ್ತರಿಸಿದ ತುಂಡುಗಳು. ಜಿನ್ ಶುವಾನಿನ ಎಲೆ ಮೊಟ್ಟೆಯಾಕಾರ, ದಪ್ಪ, ಮುಟ್ಟಿದರೆ ತೊಗಲಿನಂತೆ ಪುಟಿಯುತ್ತದೆ. ನಡು ಹಸಿರು, ಹಲ್ಲು ಹಲ್ಲಾದ ಅಂಚಿನಲ್ಲಿ ಅಲ್ಲಲ್ಲಿ ಕೆಂಪು. ಕುಲುಕಿದ ಕೈಯ ಗುರುತು ಅದು. ಅಂಚು ಪೂರ್ತಿ ಹಸಿರೇ ಇದ್ದರೆ ಕುಲುಕಿದ್ದು ಸಾಲದು. ಬಟ್ಟಲಿನಲ್ಲಿ ಹೂವು ಕಡಿಮೆಯಾದದ್ದೇಕೆ ಎಂಬುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ. ನೋಡಿಯಾದ ಮೇಲೆ ಎಲೆಯನ್ನೆಲ್ಲ 300 ಮಿ.ಲೀ. ತಣ್ಣೀರಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ. ಆರು ಸಲ ಬಸಿದ ಎಲೆಯಲ್ಲೂ ಒಂದು ಲೋಟದಷ್ಟು ಸಿಹಿ ಉಳಿದಿರುತ್ತದೆ.