ಅಣ್ಣನ ವಿಮಾನದ ತೂಕ

ಅಟ್ಟದಿಂದ ಇಳಿಸಿದ ದಿನವೇ ತೂಗಿದೆ. 338 ಗ್ರಾಂ. ಅದರಲ್ಲಿ ನಲವತ್ತು ವರ್ಷದ ಧೂಳು, ಇಲಿ ಕಡಿದು ಉಳಿಸಿದ ಕಾಗದ, ತುಕ್ಕು ಹಿಡಿದ ಟ್ಯಾಂಕು ಎಲ್ಲವೂ ಸೇರಿದ್ದವು. ಆ ಅಂಕಿಯನ್ನು ಒಂದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಂಡೆ. ಮುಂದಿನ ನಾಲ್ಕು ತಿಂಗಳು ನಾನು ಮಾಡಿದ್ದೆಲ್ಲ ಆ ಅಂಕಿಯ ಜೊತೆಗಿನ ಗುದ್ದಾಟ.

ಅದು ಅಣ್ಣನದು. 1983ರಲ್ಲಿ ಅವನು ಬೆಂಗಳೂರಿನಲ್ಲಿ ಓದುತ್ತಾ ಎನ್‌ಸಿಸಿ ಏರ್ ವಿಂಗಿನಲ್ಲಿದ್ದ. ಏರೋಮಾಡೆಲಿಂಗ್, ಅಂದರೆ ಪುಟ್ಟ ಮಾದರಿ ವಿಮಾನ ಕಟ್ಟಿ ಹಾರಿಸುವುದು, ಅಲ್ಲಿನ ತರಬೇತಿಯ ಒಂದು ಭಾಗ. ಎರಡು ತಂತಿಯ ತುದಿಯಲ್ಲಿ ಸುತ್ತುವ ಕಂಟ್ರೋಲ್ ಲೈನ್ ವಿಮಾನವನ್ನು ಅವನು ಕಲಿತದ್ದು ಅಲ್ಲೇ. ರಜೆಗೆ ಮಂಡ್ಯಕ್ಕೆ ಬಂದಾಗ ತನ್ನದೇ ಒಂದು ಕಟ್ಟಿದ. ಎಂಟನೇ ಕ್ಲಾಸಿನಲ್ಲಿದ್ದ ನನಗೆ ಒಂದೇ ಕೆಲಸ: ಎಂಜಿನ್ ಕೂಗುತ್ತಿರುವಾಗ ಬಾಲ ಹಿಡಿದು ಕೂರುವುದು, ಅವನು ಕೈ ಎತ್ತಿದ ಕೂಡಲೇ ಬಿಡುವುದು. ಒಂದು ಸಲವೂ ಹ್ಯಾಂಡಲ್ ನನ್ನ ಕೈಗೆ ಬಂದಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು, ಈ ವಿಮಾನಕ್ಕೆ ರೇಡಿಯೊ ಇಲ್ಲ. ಹಾರಿಸುವವನು ನಡುವೆ ನಿಂತು ಒಂದು ಹಿಡಿಯನ್ನು ಹಿಡಿದಿರುತ್ತಾನೆ. ಅದರ ಮೇಲಿನ ತುದಿಗೊಂದು, ಕೆಳಗಿನ ತುದಿಗೊಂದು ತಂತಿ. ಎರಡೂ ಎಡ ರೆಕ್ಕೆಯ ತುದಿಯಿಂದ ಒಳಗೆ ಹೋಗಿ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತುಂಡಿಗೆ ಸೇರುತ್ತವೆ. ಹಿಡಿಯನ್ನು ಮೇಲಕ್ಕೆ ವಾಲಿಸಿದರೆ ತ್ರಿಕೋನ ತಿರುಗಿ, ಅದಕ್ಕೆ ಸಿಕ್ಕಿಸಿದ ಕಡ್ಡಿ ಬಾಲದ ಎಲಿವೇಟರನ್ನು, ಅಂದರೆ ಅಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯನ್ನು, ಎತ್ತುತ್ತದೆ. ವಿಮಾನ ಏರುತ್ತದೆ. ಕೆಳಕ್ಕೆ ವಾಲಿಸಿದರೆ ಇಳಿಯುತ್ತದೆ. ಇಷ್ಟೇ. ಎಂಜಿನ್ನಿನ ವೇಗ ಕೂಡ ನಮ್ಮ ಕೈಯಲ್ಲಿಲ್ಲ, ಟ್ಯಾಂಕು ಬರಿದಾಗುವವರೆಗೆ ಓಡಿ ನಿಲ್ಲುತ್ತದೆ. ಅಮೆರಿಕದ ಓರೆಗಾನ್‌ನಲ್ಲಿ ಓಬಾ ಸೇಂಟ್ ಕ್ಲೇರ್ ಎಂಬಾತ 1936ರಲ್ಲೇ ಹೀಗೆ ಹಾರಿಸಿದ್ದ. ಅದೇ ರಾಜ್ಯದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ ‘ಫೈರ್‌ಬಾಲ್’ ಕಿಟ್ ಮಾರಿ, ಪೇಟೆಂಟ್ ಪಡೆದು ಊರೂರಿಗೆ ಹಬ್ಬಿಸಿದ. 1955ರಲ್ಲಿ ಕೋರ್ಟಿನಲ್ಲಿ ಸೇಂಟ್ ಕ್ಲೇರ್‌ನ ಹಳೆಯ ಕೆಲಸ ಹೊರಬಂದು ವಾಕರ್‌ನ ಪೇಟೆಂಟ್ ಬಿದ್ದುಹೋಯಿತು. ಇಬ್ಬರಲ್ಲಿ ಯಾರದೇ ಆಗಲಿ, ಆ ತ್ರಿಕೋನದಷ್ಟು ಸರಳವಾದ, ಅಷ್ಟು ಚೆಂದದ ಯಂತ್ರ ನಾನು ನೋಡಿಲ್ಲ. ಮೂವತ್ತು ವರ್ಷ ಟೂಲ್‌ರೂಮಿನಲ್ಲಿ ದುಡಿದವನಾಗಿ ಹೇಳುತ್ತಿದ್ದೇನೆ.

ಅಣ್ಣ ಆ ತುಂಡನ್ನು ಎಲೆಕ್ಟ್ರಿಕ್ ಅಂಗಡಿಯ ಹೈಲಮ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಲಗೆಯಲ್ಲಿ ಕುಯ್ದಿದ್ದ. ನಡುವಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಅಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಬಾಲದಲ್ಲಿ ನಡುಕ ಕಾಣುತ್ತದೆ. ಅಳತೆ ತೆಗೆದು ಹೊಸದು ಮಾಡಿದೆ, ತೂತಿಗೆ ಹಿತ್ತಾಳೆಯ ಬುಷ್ ಕೂರಿಸಿದೆ. ಬಾಲಕ್ಕೆ ಹೋಗುವ ಕಡ್ಡಿ ಸೈಕಲ್ ಚಕ್ರದ್ದು, ಅದಕ್ಕೆ ಏನೂ ಆಗಿರಲಿಲ್ಲ, ಒರೆಸಿ ಹಾಗೇ ಬಿಟ್ಟೆ.

ಒಡಲು ಒಂದೇ ಹಲಗೆ, ಅರ್ಧ ಇಂಚು ದಪ್ಪದ ಬಾಲ್ಸಾ ಎಂಬ ಬಲು ಹಗುರ ಮರ. ಪಕ್ಕದಿಂದ ನೋಡಿದರೆ ವಿಮಾನ, ಮುಂದಿನಿಂದ ನೋಡಿದರೆ ಪಟ್ಟಿ. ಮೂಗಿನ ಎರಡೂ ಬದಿ ತೆಳು ಪ್ಲೈವುಡ್, ನಡುವೆ ಗಟ್ಟಿಮರದ ಎರಡು ದಿಮ್ಮಿ, ಅದರ ಮೇಲೆ ಎಂಜಿನ್ ಅಡ್ಡಡ್ಡ ಮಲಗಿರುತ್ತದೆ. ರೆಕ್ಕೆಯ ಹಿಂದೆ ಒಡಲು ಒಮ್ಮೆ ಮುರಿದಿತ್ತು. ಆ ದಿನ ನನಗೆ ಚೆನ್ನಾಗಿ ನೆನಪಿದೆ, ವಿಮಾನ ಮೂಗು ಮುಂದಾಗಿ ನೆಲಕ್ಕೆ ಬಡಿದು ಅಣ್ಣ ರಾತ್ರಿ ಊಟ ಬಿಟ್ಟಿದ್ದ. ಊದುಬತ್ತಿಯ ಬಿದಿರುಕಡ್ಡಿಗಳನ್ನು ಒಳಗೆ ತೂರಿಸಿ, ಅಂಟು ಹಾಕಿ, ಮೇಲೆ ಹೊಲಿಗೆ ದಾರ ಒತ್ತೊತ್ತಾಗಿ ಸುತ್ತಿ ಕೂಡಿಸಿದ್ದ. ದಾರ ಅಂಟಿನಲ್ಲಿ ಕಂದುಗಟ್ಟಿದೆ. ನೋಡಲು ಗಾಯದ ಕಟ್ಟಿನ ಹಾಗಿದೆ. ಅದನ್ನು ತೆಗೆದು ಹೊಸ ಮರ ಸೇರಿಸಿ ನುಣ್ಣಗೆ ಮಾಡೋಣ ಅಂತ ಮೊದಲು ಅನ್ನಿಸಿದ್ದು ನಿಜ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿದೆ. ಇಡೀ ಹಲಗೆಯಲ್ಲಿ ಅಲುಗದ ಜಾಗ ಅದೊಂದೇ. ಮುಟ್ಟಲಿಲ್ಲ.

ಆ ಬುದ್ಧಿ ಒಡಲಿನ ಬಣ್ಣದ ವಿಷಯದಲ್ಲಿ ಬರಲಿಲ್ಲ. ಹಳೆಯ ಕೆಂಪು ಮಾಸಿತ್ತು ಅಂತ ಉಪ್ಪುಕಾಗದದಲ್ಲಿ ಉಜ್ಜಿ, ಅಂಗಡಿಯಿಂದ ಎನಾಮಲ್ ತಂದು ಎರಡು ಕೈ ಬಳಿದೆ. ಕನ್ನಡಿಯ ಹಾಗೆ ಹೊಳೆಯಿತು. ತೂಗಿದೆ. 31 ಗ್ರಾಂ ಏರಿತ್ತು! ರೆಕ್ಕೆಯ ಅರ್ಧ ಅಸ್ಥಿಪಂಜರದಷ್ಟು ತೂಕ, ಬರೀ ಹೊಳಪಿಗೆ. ಅದರಲ್ಲೂ ಬಾಲದ ಕಡೆಗೇ ಹೆಚ್ಚು ಬಳಿದಿದ್ದೆ. ಕಂಟ್ರೋಲ್ ಲೈನ್ ವಿಮಾನಕ್ಕೆ ಬಾಲ ಭಾರವಾದರೆ ಉಳಿಗಾಲವಿಲ್ಲ. ತೂಕದ ನಡುಬಿಂದು ರೆಕ್ಕೆಯ ಅಗಲದ ಮುಂದಿನ ಕಾಲು ಭಾಗದೊಳಗೇ ಇರಬೇಕು, ಹಿಂದೆ ಸರಿದರೆ ಕೈ ಸ್ವಲ್ಪ ಅಲುಗಿದರೂ ವಿಮಾನ ಕುದುರೆಯ ಹಾಗೆ ಎಗರುತ್ತದೆ. ಎರಡು ಭಾನುವಾರ ಕೂತು ಆ ಬಣ್ಣವನ್ನೆಲ್ಲ ಕೆರೆದೆ. ಈಗ ಒಡಲ ಮೇಲೆ ಅಣ್ಣನ ಹಳೆಯ ಕೆಂಪು ಅಲ್ಲಲ್ಲಿ, ಮರದ ಬಣ್ಣ ಅಲ್ಲಲ್ಲಿ. ಹಾರಾಟಕ್ಕೆ ಬೇಕಾದದ್ದನ್ನಷ್ಟೇ ಮಾಡುವುದು, ಉಳಿದದ್ದು ಹೇಗಿದೆಯೋ ಹಾಗೇ ಇರಲಿ ಎಂದು ನೋಟ್‌ಬುಕ್ಕಿನಲ್ಲಿ ಅವತ್ತು ಬರೆದೆ.

ಎಂಜಿನ್ ಕಲ್ಕತ್ತೆಯಲ್ಲಿ ತಯಾರಾದ ಅರೋರಾ, 1.5 ಸಿಸಿ ಡೀಸೆಲ್. ಬಸ್ಸಿನ ಡೀಸೆಲ್ ಇದಕ್ಕೆ ಆಗುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಸಮಸಮ. ಈಥರ್ ಬೇಗ ಹೊತ್ತಿಕೊಳ್ಳುತ್ತದೆ, ಸೀಮೆಎಣ್ಣೆ ಉರಿದು ಬಲ ಕೊಡುತ್ತದೆ, ಹರಳೆಣ್ಣೆ ಒಳಗಿನ ಉಕ್ಕನ್ನು ಕಾಯುತ್ತದೆ. ಪ್ಲಗ್ಗು, ಬ್ಯಾಟರಿ ಏನೂ ಬೇಡ, ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ. ತಲೆಯ ಮೇಲಿನ ತಿರುಪು ತಿರುಗಿಸಿ ಒತ್ತಡ ಹೆಚ್ಚು ಕಡಿಮೆ ಮಾಡಬಹುದು. ಈ ಮಿಶ್ರಣವನ್ನು ಮನೆಯೊಳಗೆ ಮಾಡಬೇಡಿ. ಈಥರ್ ಆವಿ ನೆಲದ ಮೇಲೆ ಹರಿದು ಎಲ್ಲೋ ಇರುವ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ನಾನು ಹಿತ್ತಲಲ್ಲಿ, ಬೇಕಾದಷ್ಟೇ ಬೆರೆಸುತ್ತೇನೆ.

ನಲವತ್ತು ವರ್ಷದಲ್ಲಿ ಹರಳೆಣ್ಣೆ ಒಳಗೇ ಗಟ್ಟಿಯಾಗಿ ವಾರ್ನಿಷ್ ಆಗಿತ್ತು. ಪ್ರೊಪೆಲ್ಲರ್ ಒಂದಿಷ್ಟೂ ತಿರುಗುತ್ತಿರಲಿಲ್ಲ. ಇಲ್ಲಿ ಇಕ್ಕಳ ಹಿಡಿಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಲೋಹಕ್ಕೆ ಲೋಹ ಉಜ್ಜಿ ಕೂರಿಸಿದ್ದು, ಒಂದು ಗೀರು ಬಿದ್ದರೆ ಒತ್ತಡ ಸೋರಿ ಎಂಜಿನ್ ಹೋಯಿತು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿದೆ. ಮೂರನೆಯ ದಿನ ಒರೆಸಿ ಆರಲು ಬಿಟ್ಟು, ಸೀಮೆಎಣ್ಣೆಯ ವಾಸನೆ ಪೂರ್ತಿ ಹೋದ ಮೇಲೆ ಮಗಳ ಹೇರ್ ಡ್ರೈಯರ್ ಹಿಡಿದು ಕೈಗೆ ತಾಳುವಷ್ಟು ಬಿಸಿ ಮಾಡಿ, ಬೆರಳಲ್ಲಿ ಮೆಲ್ಲಗೆ ಆ ಕಡೆ ಈ ಕಡೆ. ಏಳೆಂಟು ಸಲ ಬಿಸಿ ಮಾಡಿದ ಮೇಲೆ ಒಂದು ಕೂದಲೆಳೆ ಜರುಗಿತು. ಮತ್ತೆ ಬಿಸಿ. ಸಂಜೆಯ ಹೊತ್ತಿಗೆ ಪೂರ್ತಿ ತಿರುಗಿ, ತುದಿಯಲ್ಲಿ ಒತ್ತಡ ‘ಟಪ್’ ಎಂದು ಹಿಂದಕ್ಕೆ ಒದೆಯಿತು. ಅಡುಗೆಮನೆಗೆ ಓಡಿಹೋಗಿ ನನ್ನವಳಿಗೆ ತೋರಿಸಿದೆ.

ಟ್ಯಾಂಕು ತೂತಾಗಿತ್ತು. ತುಪ್ಪದ ಡಬ್ಬಿಯ ತಗಡು ಕತ್ತರಿಸಿ, ಬೆಸುಗೆ ಹಾಕಿ 15 ಮಿ.ಲೀ. ಹಿಡಿಯುವ ಹೊಸದು ಮಾಡಿದೆ. ಅದು ಚೌಕ ಇರಬಾರದು, ಹೊರಗಡೆಗೆ ಚೂಪಾಗಿರಬೇಕು. ಸುತ್ತುವಾಗ ಇಂಧನವೆಲ್ಲ ಹೊರಕ್ಕೆ ಒತ್ತಿಕೊಳ್ಳುತ್ತದೆ, ಎಂಜಿನ್ ಕುಡಿಯುವ ನಳಿಕೆಯ ಬಾಯಿ ಆ ಮೂಲೆಯಲ್ಲೇ ಇದ್ದರೆ ಕೊನೆಯ ಹನಿಯವರೆಗೂ ಸಿಗುತ್ತದೆ. ನಳಿಕೆಗೆ ಮೊದಲು ಸಿಲಿಕೋನ್ ಟ್ಯೂಬ್ ಹಾಕಿ ಕೆಟ್ಟೆ. ಸೀಮೆಎಣ್ಣೆ, ಈಥರಿಗೆ ಅದು ಉಬ್ಬಿ ಜಾರಿಬಿಡುತ್ತದೆ. ನಿಯೋಪ್ರಿನ್ ರಬ್ಬರಿನದೇ ಬೇಕು.

ರೆಕ್ಕೆಯ ಮೂರು ಪಕ್ಕೆಲುಬು, ಹಿಂದಿನ ಅಂಚು ಇಲಿಯ ಪಾಲಾಗಿದ್ದವು. ಹಾಳೆ ಬಾಲ್ಸಾದಲ್ಲಿ ಹೊಸ ಪಕ್ಕೆ ಕುಯ್ದು ಫೆವಿಕಾಲ್ ಹಾಕಿ ಕೂರಿಸಿದೆ. ಹಲಗೆ ಆರಿಸುವಾಗ ಅಂಗಡಿಯಲ್ಲೇ ಒಂದೊಂದನ್ನೂ ತೂಗಿ ನೋಡಿದೆ. ಒಂದೇ ಅಳತೆಯ ಎರಡು ಬಾಲ್ಸಾ ಹಾಳೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಗುವುದುಂಟು. ಎಲಿವೇಟರಿಗೆ ಕೀಲು ಅಂದರೆ ದಾರವೇ, ಎಂಟರ ಆಕಾರದಲ್ಲಿ ಮೇಲಿನಿಂದ ಕೆಳಕ್ಕೆ ಹೊಲಿಯಬೇಕು. ನನ್ನ ಹೊಲಿಗೆ ನೋಡಿ ನನ್ನವಳು ಸೂಜಿ ಕಿತ್ತುಕೊಂಡು ತಾನೇ ಹಾಕಿಕೊಟ್ಟಳು.

ಮೇಲೆ ಗಾಳಿಪಟದ ಕಾಗದ ಹೊದಿಸಿದೆ. ನೀರು ಚಿಮುಕಿಸಿದಾಗ ಕಾಗದ ಸುಕ್ಕುಗಟ್ಟಿ ಕಣ್ಣೀರು ಬರುವ ಹಾಗೆ ಕಾಣುತ್ತದೆ. ಒಣಗಿದ ಮೇಲೆ ಬೆಂಕಿಗೆ ಹಿಡಿದ ತಮಟೆಯ ಬಿಗಿ. ಆಮೇಲೆ ಡೋಪ್ ಎಂಬ ತೆಳು ವಾರ್ನಿಷ್ ಮೂರು ಕೈ. ಅದಕ್ಕೂ ನಾಲ್ಕು ಹನಿ ಹರಳೆಣ್ಣೆ ಬೆರೆಸಿದರೆ ವರ್ಷ ಕಳೆದರೂ ಕಾಗದ ಸಿಡಿಯುವುದಿಲ್ಲ. ಪ್ರತಿ ಸಲವೂ ರೆಕ್ಕೆಯನ್ನು ಸಪಾಟು ಹಲಗೆಗೆ ಒತ್ತಿಟ್ಟು ರಾತ್ರಿಯಿಡೀ ಬಿಟ್ಟೆ, ಇಲ್ಲದಿದ್ದರೆ ಕಾಗದ ಎಳೆದ ಕಡೆಗೆ ಮರ ತಿರುಚುತ್ತದೆ.

ಬಲ ರೆಕ್ಕೆಯ ತುದಿ ಬಿಚ್ಚಿದಾಗ ಒಳಗೆ ಐವತ್ತು ಪೈಸೆಯ ಎರಡು ನಾಣ್ಯ ಸಿಕ್ಕವು. ಎಡಗಡೆ ತಂತಿಯ ಭಾರವಿರುತ್ತದಲ್ಲ, ಅದಕ್ಕೆ ಹೊರಗಿನ ರೆಕ್ಕೆಯಲ್ಲಿ ಅಷ್ಟಿಷ್ಟು ತೂಕ ಇಡಬೇಕು. ಹಾಸನಕ್ಕೆ ಫೋನ್ ಮಾಡಿದೆ.

“ಅಣ್ಣ, ಒಳಗೆ ಒಂದು ರೂಪಾಯಿ ಇಟ್ಟಿದ್ದೀಯಲ್ಲೋ.”

“ಹತ್ತು ಗ್ರಾಂ ಕಣೋ ಅದು. ಅಮ್ಮನ ಡಬ್ಬಿಯಿಂದ ತಗೊಂಡಿದ್ದೆ. ತೆಗೀಬೇಡ.”

ತಕ್ಕಡಿಗೆ ಹಾಕಿದೆ. ಸರಿಯಾಗಿ ಹತ್ತು. ಮತ್ತೆ ಅಲ್ಲೇ ಅಂಟಿಸಿದೆ. ಎಲ್ಲ ಮುಗಿದಾಗ, ಇಂಧನ ಬಿಟ್ಟು, 346 ಗ್ರಾಂ.

ಕಳೆದ ತಿಂಗಳು ಅಣ್ಣ ಬಂದ. ಅವನಿಗೆ ಒಳಗಿವಿಯ ತೊಂದರೆ, ಎರಡು ಸುತ್ತು ತಿರುಗಿದರೆ ನೆಲ ಹಿಡಿದು ಕೂರಬೇಕು. ಊರಾಚೆಯ ಹೈಸ್ಕೂಲ್ ಮೈದಾನಕ್ಕೆ ಬೆಳಿಗ್ಗೆ ಆರೂವರೆಗೆ ಹೋದೆವು. ಮೊದಲು ತಲೆಯೆತ್ತಿ ಸುತ್ತಲೂ ನೋಡಿದೆವು, ಕರೆಂಟು ತಂತಿ ಹತ್ತಿರದಲ್ಲಿ ಎಲ್ಲೂ ಇರಕೂಡದು. ಕೈಯಲ್ಲಿ ಉಕ್ಕಿನ ತಂತಿ ಹಿಡಿದು ಆಡುವ ಆಟ ಇದು, ಅದರಿಂದ ಜೀವ ಹೋದವರಿದ್ದಾರೆ. ಬೆಲ್‌ಕ್ರ್ಯಾಂಕ್, ತಂತಿ, ಗಂಟು ಎಲ್ಲವನ್ನೂ ಮನೆಯಲ್ಲೇ ಮೂರೂವರೆ ಕೆಜಿ ಅಕ್ಕಿ ಚೀಲ ತೂಗುಹಾಕಿ ಪರೀಕ್ಷಿಸಿದ್ದೆ, ವಿಮಾನದ ಹತ್ತು ಪಟ್ಟು ತೂಕ.

ಅಣ್ಣ ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿಕೊಂಡು ಪ್ರೊಪೆಲ್ಲರ್ ಬಡಿದ. ಹನ್ನೊಂದನೆಯ ಏಟಿಗೆ ಹತ್ತಿಕೊಂಡಿತು. ಆ ವಾಸನೆ! ಈಥರ್ ಮತ್ತು ಸುಟ್ಟ ಹರಳೆಣ್ಣೆ. ಬಿಸಿಯಾದಂತೆ ತಿರುಪನ್ನು ಕಿವಿಯ ಅಂದಾಜಿನಲ್ಲೇ ಸ್ವಲ್ಪ ಸಡಿಲಿಸಿದ, ಕೈ ಮರೆತಿರಲಿಲ್ಲ. ನಾನು ನಡುವೆ ಹೋಗಿ ಹ್ಯಾಂಡಲ್ ಹಿಡಿದೆ. ಗಾಳಿ ಬೀಸುವ ದಿಕ್ಕಿಗೇ ಮೂಗು ಮಾಡಿ ಅವನು ಬಾಲ ಹಿಡಿದು ಕುಳಿತ. ಹಾಗೆ ಬಿಟ್ಟರೆ ಕಾಲು ಸುತ್ತು ಮುಗಿಯುವುದರೊಳಗೆ ಗಾಳಿಯೇ ವಿಮಾನವನ್ನು ಹೊರಕ್ಕೆ ತಳ್ಳಿ ತಂತಿ ಬಿಗಿಯಾಗಿಡುತ್ತದೆ.

“ಮಣಿಕಟ್ಟು ಆಡಿಸ್ಬೇಡ, ಭುಜದಿಂದ. ನೆಲ ನೋಡ್ಬೇಡ, ವಿಮಾನ ನೋಡು,” ಎಂದು ಕೂಗಿದ. ನಾನು ಕೈ ಎತ್ತಿದೆ.

ಎರಡು ಸಲ ಕುಪ್ಪಳಿಸಿ ಎದ್ದಿತು. ಎದ್ದ ಕ್ಷಣವೇ ಕೈಗೆ ಬಂದದ್ದು ಆ ಎಳೆತ. ಬಾಲ ಹಿಡಿದು ಕೂತವನಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ತಂತಿ, ಕೈ ಸೇರಿ 13 ಮೀಟರ್, ಒಂದು ಸುತ್ತಿಗೆ ಐದೂವರೆ ಸೆಕೆಂಡು, ಅಂದರೆ ಗಂಟೆಗೆ 53 ಕಿ.ಮೀ. ಲೆಕ್ಕ ಹಾಕಿದರೆ ಎಳೆತ ಸುಮಾರು 600 ಗ್ರಾಂ. ಅಷ್ಟೇ. ಆದರೆ ಆ 600 ಗ್ರಾಂ ಸುಮ್ಮನಿರುವುದಿಲ್ಲ. ಗಾಳಿಗೆ ಎದುರಾದಾಗ ಒಂದು ರೀತಿ, ಗಾಳಿ ಹಿಂದಿದ್ದಾಗ ಇನ್ನೊಂದು ರೀತಿ, ಎಂಜಿನ್ನಿನ ನಡುಕವೂ ತಂತಿಯಲ್ಲೇ ಇಳಿದು ಅಂಗೈಗೆ ಬರುತ್ತದೆ. ಮೇಯಲು ಬಿಟ್ಟ ಕರುವಿನ ಹಗ್ಗ ಹಿಡಿದವರಿಗೆ ಅರ್ಥವಾದೀತು. ಏಳನೆಯ ಸುತ್ತಿನ ಹೊತ್ತಿಗೆ ಮೈದಾನ, ಮರ, ಕಾಂಪೌಂಡು ಎಲ್ಲ ಒಂದು ಹಸಿರು ಪಟ್ಟಿಯಾಗಿ ಹಿಂದಕ್ಕೆ ಓಡುತ್ತಿತ್ತು. ಕೆಂಪು ಮಾಸಿದ ಆ ಹಲಗೆ ಮಾತ್ರ ಕಣ್ಣೆದುರು ನಿಂತಂತೆಯೇ ಇತ್ತು.

ಮೂವತ್ತೊಂದು ಸುತ್ತು. ಎಂಜಿನ್ ನಿಂತಾಗ ಎರಡು ಹೆಜ್ಜೆ ಹಿಂದೆ ಸರಿದು ತಂತಿಯನ್ನು ಬಿಗಿಯಾಗಿಟ್ಟೆ, ಅದು ತೇಲಿ ಬಂದು ಹುಲ್ಲಿನ ಮೇಲೆ ಕೂತಿತು. ಅಣ್ಣ ಓಡಿ ಬಂದ, ಅರವತ್ತು ದಾಟಿದವನು.

“ಎಳೀತೇನೋ?”

“ಎಳೀತು ಕಣಣ್ಣ.”

ಹರಳೆಣ್ಣೆಯಲ್ಲಿ ತೊಯ್ದಿದ್ದ ಒಡಲನ್ನು ಅವನು ತನ್ನ ಟವೆಲಿನಲ್ಲೇ ಒರೆಸಿದ. ದಾರ ಸುತ್ತಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಏನೂ ಹೇಳಲಿಲ್ಲ. ಅವತ್ತು ಇನ್ನೂ ಮೂರು ಸಲ ಹಾರಿಸಿದೆವು, ಪ್ರತಿ ಸಲವೂ ಬಾಲ ಹಿಡಿದವನು ಅವನೇ.

ಮನೆಗೆ ಬಂದು ಮತ್ತೆ ತೂಗಿದೆ. 349. ಚೆನ್ನಾಗಿ ಒರೆಸಿದ್ದರೂ ಮೂರು ಗ್ರಾಂ ಹೆಚ್ಚು. ಎಲ್ಲೋ ಮರದೊಳಕ್ಕೆ ಎಣ್ಣೆ ಇಳಿಯುತ್ತಿದೆ. ಎಂಜಿನ್ ದಿಮ್ಮಿಯ ಪಕ್ಕ ಒಂದು ಸಣ್ಣ ಬಿರುಕು ಕಾಣುತ್ತಿದೆ, ಅಲ್ಲಿ ಡೋಪ್ ಇನ್ನೊಂದು ಕೈ ಬೇಕು. ಅಣ್ಣ ಯುಗಾದಿಗೆ ಮತ್ತೆ ಬರುತ್ತಾನೆ.